ಕಳೆದುಹೋದ ಸೋಮವಾರ

ಎರಡು ಕಾರ್ಡುಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿಯುವ ಬುದ್ಧಿಯನ್ನು ವೆಂಕಟೇಶಮೂರ್ತಿಗೆ ಯಾರು ಕೊಟ್ಟರೋ, ಅವರಿಗೆ ದೇವರು ಒಳ್ಳೆಯದು ಮಾಡಲಿ. ಮೂರ್ತಿಗಂತೂ ಮಾಡಲಿಲ್ಲ.

ಎಪ್ಪತ್ತೆಂಟನೆಯ ಇಸವಿ. ಮದ್ದೂರಿನ ಹೊರಗೆ ಹೊಸದಾಗಿ ಎದ್ದಿದ್ದ ಇಕ್ಷುಲಕ್ಷ್ಮಿ ಸಕ್ಕರೆ ಕಾರ್ಖಾನೆಯವರು ಒಂದು ಕಂಪ್ಯೂಟರ್ ತರಿಸಿದ್ದರು. ಮೂರು ಕಬ್ಬಿಣದ ಬೀರು ಸಾಲಾಗಿ ನಿಲ್ಲಿಸಿದ ಹಾಗಿದ್ದ ಆ ಯಂತ್ರಕ್ಕೆ ಸೆಖೆಯಾಗಬಾರದೆಂದು ಏರ್‌ಕಂಡಿಷನ್ ಹಾಕಿಸಿದ್ದರಿಂದ, ಊಟವಾದ ಮೇಲೆ ಆಫೀಸರುಗಳೆಲ್ಲ ಅದರ ಯೋಗಕ್ಷೇಮ ವಿಚಾರಿಸಲು ಬಂದು ಅಲ್ಲೇ ಒಂದು ನಿದ್ದೆ ತೆಗೆದು ಹೋಗುತ್ತಿದ್ದರು. ಯಾವ ದಿನ ಯಾವ ಹಳ್ಳಿಯ ಕಬ್ಬು ಬರಬೇಕೆಂದು ಸರದಿಯ ಪಟ್ಟಿಯನ್ನು ಅಚ್ಚು ಹಾಕುವುದು ಯಂತ್ರದ ಕೆಲಸ. ಅದನ್ನು ಹೇಗೆ ಮಾಡಬೇಕೆಂದು ಅದಕ್ಕೆ ಹೇಳಿಕೊಡುವುದು ತೂತು ಹೊಡೆದ ಕಾರ್ಡುಗಳ ಮೂಲಕ. ಒಂದು ಕಾರ್ಡೆಂದರೆ ಒಂದು ಅಪ್ಪಣೆ. ಅಪ್ಪಣೆಗಳನ್ನೆಲ್ಲ ಜೋಡಿಸಿದರೆ ಅದಕ್ಕೆ ಪ್ರೋಗ್ರಾಮ್ ಎಂದು ಹೆಸರು.

ಈ ಪ್ರೋಗ್ರಾಮನ್ನು ಬರೆದ ಪುಣ್ಯಾತ್ಮ ವರದರಾಜ. ಅವನು ನಿಡಘಟ್ಟಕ್ಕೆಂದು ಒಂದು ಕಂತೆ ಬರೆದ. ಹನಕೆರೆಗೂ ಬೇಕೆಂದಾಗ ಅದನ್ನೇ ನಕಲು ಮಾಡಿಸಿ ಊರಿನ ಹೆಸರು ಬದಲಾಯಿಸಿದ. ಹೀಗೆ ಹಳ್ಳಿಗೊಂದು ಕಂತೆಯಾಗಿ ಒಂದು ಬೀರು ತುಂಬಿತು. ಯಂತ್ರ ಅಷ್ಟನ್ನೂ ಓದಿ ಮುಗಿಸುವುದರೊಳಗೆ ಕರೆಂಟು ಹೋಗುತ್ತಿತ್ತು. ಬಂದ ಮೇಲೆ ಮತ್ತೆ ಮೊದಲಿನಿಂದ ಶುರು.

ಕೊನೆಗೆ ಮ್ಯಾನೇಜರು, ವರದರಾಜನ ಜೊತೆ ಅದೇ ಯಂತ್ರದ ಕೋಣೆಯಲ್ಲಿ ಕೆಲಸಕ್ಕಿದ್ದ ಮೂರ್ತಿಯನ್ನು ಕರೆಸಿದರು. "ಇದನ್ನ ಚಿಕ್ಕದು ಮಾಡಯ್ಯ. ಮಾಡಿದರೆ ಕಟ್ಟಿಸ್ತಿರೋ ಹೊಸ ಕ್ವಾರ್ಟರ್ಸಿನಲ್ಲಿ ಮೊದಲನೇ ಮನೆ ನಿಂದು. ಆಗಲಿಲ್ಲ ಅಂದರೆ ವರದರಾಜಂದು."

ಮನೆಯ ಆಸೆ ಮೂರ್ತಿಗಿಂತ ಅವನ ಹೆಂಡತಿ ಗೋದಾಗೆ ಹೆಚ್ಚು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಮನೆಯ ಆಸೆಯಲ್ಲ, ನಲ್ಲಿಯ ಆಸೆ. ಅವರಿದ್ದ ವಠಾರದಲ್ಲಿ ಆರು ಸಂಸಾರಕ್ಕೆ ಒಂದೇ ನಲ್ಲಿ. ಬೆಳಗಾಗುವ ಮೊದಲೇ ಬಿಂದಿಗೆಗಳು ಸಾಲು ನಿಲ್ಲುತ್ತಿದ್ದವು, ಬಿಂದಿಗೆಗಳ ಹಿಂದೆ ಹೆಂಗಸರು, ಹೆಂಗಸರ ಬಾಯಲ್ಲಿ ಊರಿನವರ ಸಂಗತಿಗಳು. "ನನಗೆ ಚಿನ್ನ ಬೇಡ, ರೇಷ್ಮೆ ಬೇಡ ಕಣ್ರೀ. ನನ್ನ ಅಡುಗೆಮನೇಲಿ ನನ್ನದೇ ಒಂದು ನಲ್ಲಿ ಇರಬೇಕು. ನನಗೆ ಬೇಕಾದಾಗ ತಿರುಗಿಸಬೇಕು, ಯಾರೂ ಕೇಳಬಾರದು," ಎಂದು ಗೋದಾ ಹೇಳಿದಾಗಲೆಲ್ಲ ಮೂರ್ತಿಯ ಕರುಳು ಚುರುಕ್ ಎನ್ನುತ್ತಿತ್ತು.

ಅವನು ಬೀರುವಿನ ಮೇಲಿನ ಎರಡು ಕಂತೆ ತೆಗೆದ. ಒಂದು ನಿಡಘಟ್ಟದ್ದು, ಇನ್ನೊಂದು ಹೆದ್ದಾರಿಯ ಮೇಲೇ ಇದ್ದ ಅದರ ಪಕ್ಕದ ಹಳ್ಳಿಯದು. ಕಾರ್ಡಿನ ಮೇಲೆ ಕಾರ್ಡಿಟ್ಟು ಬೆಳಕಿಗೆ ಹಿಡಿದ. ತೂತಿಗೆ ತೂತು ಸರಿಯಾಗಿ ಕೂತಿತು. ಹೆಸರಿನ ಕಾರ್ಡೊಂದು ಬಿಟ್ಟರೆ ಎಲ್ಲವೂ ಒಂದೇ! ಮೂರ್ತಿಗೆ ಕುಣಿಯುವಷ್ಟು ಸಂತೋಷವಾಯಿತು. ಉಳಿದ ಕಂತೆಗಳನ್ನೂ ಹೀಗೆಯೇ ನೋಡಬೇಕಿತ್ತು. ನೋಡಲಿಲ್ಲ. ನಿಡಘಟ್ಟದ ಕಂತೆ ಒಂದನ್ನಿಟ್ಟುಕೊಂಡು, ಹಳ್ಳಿಯ ಹೆಸರನ್ನೂ ಅದು ಗಾಡಿಯದೋ ಲಾರಿಯದೋ ಎಂಬುದನ್ನೂ ಹೊರಗಿನಿಂದ ಕೊಡುವ ಹಾಗೆ ಬೆಂಗಳೂರಿನಲ್ಲಿ ಕೆಲವು ಕಾರ್ಡು ಮಾಡಿಸಿ ತಂದು, ಮಿಕ್ಕ ಕಾರ್ಡುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಶನಿವಾರ ಮನೆಗೆ ಹೊತ್ತು ತಂದ. ಬೀರುವಿನಷ್ಟಿದ್ದ ಪ್ರೋಗ್ರಾಮು ಊಟದ ಡಬ್ಬಿಯಷ್ಟಾಯಿತು. ಯಂತ್ರ ಕಣ್ಣು ಮಿಟುಕಿಸುವುದರೊಳಗೆ ಪಟ್ಟಿ ಕೊಟ್ಟಿತು. ಅದರಂತೆ ಸರದಿಯ ಚೀಟಿಗಳು ಜೀಪಿನಲ್ಲಿ ಹಳ್ಳಿಗಳಿಗೆ ಹೋದವು.

ಭಾನುವಾರ ಬೆಳಗ್ಗೆ ಕಾರ್ಖಾನೆಯ ಗೇಟಿನಲ್ಲಿ ಹನಕೆರೆಯ ತಿಮ್ಮಯ್ಯ ಹತ್ತು ಜನರನ್ನು ಕಟ್ಟಿಕೊಂಡು ನಿಂತಿದ್ದ.

"ಏನ್ ಸಾಮಿ ಇದು? ನಾಳೀಕೆ ಗಾಡಿ ಕಟ್ಕೊ ಬನ್ನಿ ಅಂತ ಚೀಟಿ ಕಳ್ಸಿದ್ದೀರಲ್ಲ! ಸೋಮಾರ ಯಾರಾನಾ ಎತ್ತಿನ ಎಗಲ್ ಮ್ಯಾಲೆ ನೊಗ ಮಡುಗ್ತಾರಾ? ಬಸವಣ್ಣನ ದಿನ ಕಣ್ ಸಾಮಿ!"

"ಒಂದು ದಿನ ಅಲ್ವೇನಪ್ಪ, ಹೊಂದಿಸ್ಕೊಳ್ಳಿ," ಎಂದ ಮೂರ್ತಿ.

"ಒಂದ್ ದಿನಾನಾ? ನಮ್ ತಾತನ ಕಾಲದಿಂದ ಮುಟ್ಟಿಲ್ಲ. ನೀವು ಕಟ್ಟೇ ಕಟ್ಟು ಅನ್ನಂಗಿದ್ರೆ ಯೋಳ್ಬುಡಿ, ಕಬ್ಬ ಆಲೆಮನೇಗೆ ಒಯ್ತೀವಿ. ಬೆಲ್ಲವಾದ್ರೂ ಆಯ್ತದೆ."

ಆಲೆಮನೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮ್ಯಾನೇಜರು ಒಳಗಿನಿಂದ ಓಡಿ ಬಂದರು. ಅವರ ಹಿಂದೆ ಹಬ್ಬದ ಮುಖ ಹೊತ್ತು ವರದರಾಜನೂ ಬಂದ.

"ನಿಡಘಟ್ಟದ ಕಡೆಯೋರು ಲಾರೀಲಿ ಹೊಡೀತಾರೆ ಮೂರ್ತಿ, ಅವರಿಗೆ ಯಾವ ವಾರವಾದರೇನು?" ಎಂದ ವರದರಾಜ. "ಗಾಡಿ ಹಳ್ಳಿಗಳ ಕಂತೇಲೆಲ್ಲ ನಾನು ಒಂದೊಂದು ಕಾರ್ಡು ಜಾಸ್ತಿ ಸೇರಿಸಿದ್ದೆ. ಎತ್ತಿನ ಗಾಡಿಯಾದರೆ ಸೋಮವಾರ ಬಿಡು ಅಂತ. ಎಲ್ಲಿ ಆ ಕಾರ್ಡು?"

ಅವೆಲ್ಲ ಮೂರ್ತಿ ಮನೆಗೆ ಹೊತ್ತು ಹಾಕಿದ್ದ ಗೋಣಿಚೀಲದಲ್ಲಿದ್ದವು. ಅಂಥದ್ದು ಒಂದೇ ಒಂದು ಸಿಕ್ಕಿದರೂ ಸಾಕಿತ್ತು. ಹೊಸದು ಮಾಡಿಸೋಣವೆಂದರೆ ತೂತು ಹೊಡೆಯುವ ಯಂತ್ರವಿದ್ದದ್ದು ಬೆಂಗಳೂರಿನಲ್ಲಿ. ಸೋಮವಾರ ಬಿಟ್ಟರೆ ಮುಂದಿನ ಸರದಿಯೆಲ್ಲ ಬದಲಾಗುತ್ತದೆ, ಕೈಯಲ್ಲಿ ಬರೆಯೋಣವೇ ಎಂದು ಕೇಳಿದ್ದಕ್ಕೆ ಮ್ಯಾನೇಜರು ಕೆಂಪಗಾದರು. "ಕೈಯಲ್ಲಿ ಬರೆಯೋದಾದರೆ ಮೆಷಿನ್ ಯಾಕೆ ತರಿಸಿದೆ ಅಂತ ಚೇರ್ಮನ್ನರು ನನ್ನ ಕೇಳ್ತಾರೆ! ಸಂಜೆ ಚೀಟಿ ಹಂಚೋ ಜೀಪು ಹೊರಡೋದರೊಳಗೆ ಸರಿಯಾದ ಪಟ್ಟಿ ಬರಬೇಕು. ಇಲ್ಲ ಅಂದರೆ ಮನೆ ವರದರಾಜಂಗೆ."

ಮೂರ್ತಿ ಸೈಕಲ್ ಹತ್ತಿ ವಠಾರಕ್ಕೆ ಹಾರಿದ. ಗೋದಾ ನಲ್ಲಿಯ ಹತ್ತಿರವೇ ಇದ್ದಳು.

"ಗೋದಾ, ಆ ಗೋಣಿಚೀಲದ ಕಾರ್ಡು?"

"ಹಂಚಿಬಿಟ್ಟೆ ಕಣ್ರೀ. ಒಳ್ಳೆ ದಪ್ಪ ಕಾಗದ, ಎಲ್ಲರೂ ಬೇಕು ಬೇಕು ಅಂದ್ರು. ಪಂಕಜಮ್ಮನೋರಿಗೆ ಒಂದು ಕಂತೆ ಕೊಟ್ಟಿದ್ದಕ್ಕೆ ಇವತ್ತು ನನಗೆ ಎರಡು ಬಿಂದಿಗೆ ಮೊದಲು ಬಿಟ್ಟರು ಗೊತ್ತಾ!"

ಪಕ್ಕದ ಮನೆಯ ಪಂಕಜಮ್ಮ ಅಂಗಳದಲ್ಲಿ ಕೂತು ಕಾರ್ಡುಗಳನ್ನು ನೆಲದ ಮೇಲಿಟ್ಟು ರಂಗೋಲಿ ಪುಡಿ ಉದುರಿಸುತ್ತಿದ್ದರು. "ಎಷ್ಟು ಚೆನ್ನಾಗಿ ಚುಕ್ಕಿ ಬೀಳತ್ತೆ ನೋಡಿ ಮೂರ್ತಿಗಳೇ! ಸೊಂಟ ಬಗ್ಗಿಸೋ ಕೆಲಸವೇ ತಪ್ಪಿತು."

"ಅಮ್ಮಾ, ಅದರಲ್ಲಿ ಸೋಮವಾರ ಇದೆಯಾ ನೋಡಬೇಕು. ಕಾರ್ಡಿನ ತಲೆ ಮೇಲೆ ಇಂಗ್ಲಿಷಿನಲ್ಲಿ ಸಣ್ಣದಾಗಿ ಅಚ್ಚಾಗಿರತ್ತೆ. ನನ್ನ ಸೋಮವಾರ ಕಳೆದುಹೋಗಿದೆ."

ಪಂಕಜಮ್ಮ ಪುಡಿ ಡಬ್ಬಿ ಕೆಳಗಿಟ್ಟು ಒಳಗೆ ಕೂಗಿದರು. "ಏನೂಂದ್ರೆ, ಕೇಳಿದ್ರಾ? ಮೂರ್ತಿಗಳ ಸೋಮವಾರ ಕಳೆದುಹೋಗಿದೆಯಂತೆ!"

ಅವರ ಯಜಮಾನರು ಶ್ಯಾಮಣ್ಣ ಆರಾಮಕುರ್ಚಿಯಿಂದ ಏಳದೆಯೇ ಉತ್ತರ ಕೊಟ್ಟರು. "ನಿನ್ನೆ ಶನಿವಾರ ಇತ್ತು, ಇವತ್ತು ಭಾನುವಾರ ಇದೆ. ನಾಳೆ ಅದೇ ಬರತ್ತೆ. ಅದಕ್ಕೇಕೆ ಗಾಬರಿ?"

ಆ ಕುರ್ಚಿಯ ಕುಂಟುಕಾಲಿನ ಕೆಳಗೆ ಮಡಿಸಿಟ್ಟಿದ್ದ ಕಾರ್ಡುಗಳನ್ನು ಮೂರ್ತಿ ಎಳೆದ. ಕುರ್ಚಿ ವಾಲಿತು, ಶ್ಯಾಮಣ್ಣನವರು ಗೋಡೆಗೆ ಒರಗಿದರು, ಕಾರ್ಡಿನಲ್ಲಿ ಸೋಮವಾರವಿರಲಿಲ್ಲ. ಅಷ್ಟರಲ್ಲಿ ಸುದ್ದಿ ವಠಾರವನ್ನು ಒಂದು ಸುತ್ತು ಹಾಕಿ ಬೆಳೆದು ವಾಪಸು ಬಂದಿತ್ತು. ಸರ್ಕಾರ ಸೋಮವಾರವನ್ನೇ ತೆಗೆದುಹಾಕಿದೆಯಂತೆ. ಎಮರ್ಜೆನ್ಸಿ ಮುಗಿದು ಬಹಳ ಕಾಲವಾಗಿರಲಿಲ್ಲವಾದ್ದರಿಂದ ಜನ ಏನನ್ನು ಬೇಕಾದರೂ ನಂಬಲು ಸಿದ್ಧರಿದ್ದರು.

ವಠಾರದ ಬಾಗಿಲಲ್ಲಿ ಕಡಲೇಕಾಯಿ ಹುರಿದು ಮಾರುವ ಚಲುವಮ್ಮ ಮೂರ್ತಿಯನ್ನು ತಡೆದಳು. "ಅಲ್ಲ ಕಣ್ ಸಾಮಿ, ಸೋಮಾರ ತಗುದ್ರೆ ನಾವು ಸಿವನ್ ಗುಡೀಗೆ ಓಗಾದು ಯಾವತ್ತು?" ಅವಳ ಮಂಕರಿಯ ತುಂಬ ಕಡಲೇಕಾಯಿಯ ಪೊಟ್ಟಣಗಳು, ಒಂದೊಂದೂ ಒಂದೊಂದು ಕಾರ್ಡು!

ಮೂರ್ತಿ ಪೊಟ್ಟಣಕ್ಕೆ ಕೈ ಹಾಕಿದ.

"ಬಿಚ್ಚುದ್ರೆ ಕಾಯಿ ನೀವೇ ತಿನ್ಬೇಕು. ಬಿಚ್ಚಿದ್ದ ಯಾರೂ ತಕ್ಕಳಾಕಿಲ್ಲ," ಎಂದಳು ಚಲುವಮ್ಮ.

ಅವನು ಬಿಚ್ಚಿದ, ತಿಂದ, ಮತ್ತೆ ಬಿಚ್ಚಿದ. ಹೊಟ್ಟೆ ತಮಟೆಯಾಯಿತೇ ಹೊರತು ಸೋಮವಾರ ಸಿಗಲಿಲ್ಲ. ಕೊನೆಗೆ ಅವಳಿಗೇ ಕನಿಕರವಾಯಿತು. "ಕಂಡಕ್ಟ್ರು ಸಿದ್ದರಾಮು ಒಂದ್ ಕಂತೆ ಒಯ್ದವ್ನೆ. ಬಸ್ಸು ಇನ್ನೂ ಸ್ಟ್ಯಾಂಡಲ್ಲೇ ಅದೆ, ಓಡಿ."

ವಠಾರದ ಹಿಂಭಾಗದ ಮನೆಯ ಸಿದ್ದರಾಮು ಮಳವಳ್ಳಿಗೆ ಹೋಗುವ ಪ್ರೈವೇಟು ಬಸ್ಸಿನ ಕಂಡಕ್ಟರು. ಮೂರ್ತಿ ಸೈಕಲ್ಲನ್ನು ಬಸ್ ಸ್ಟ್ಯಾಂಡಿನ ಗೋಡೆಗೆ ಒರಗಿಸಿ, ಹೊರಟಿದ್ದ ಬಸ್ಸಿಗೆ ನೇತುಬಿದ್ದ.

"ಆ ಕಾರ್ಡಾ ಸಾ? ಲಗೇಜಿಗೆ ಕಟ್ಟಿವ್ನಿ. ತೂತು ಮೊದ್ಲೇ ಒಡ್ದೈತೆ, ದಾರ ಪೋಣ್ಸಾಕೆ ಏನ್ ಚೆಂದ ಅಂತೀರಿ!"

ಮೂರ್ತಿ ಮೂಟೆ, ಟ್ರಂಕು, ಬಾಳೆಗೊನೆಗಳನ್ನು ತಡಕುತ್ತ ಹಿಂದಿನ ಸೀಟಿಗೆ ಬಂದ. ಅಲ್ಲಿ ಚಿಕ್ಕಬೋರಮ್ಮ ಎಂಬ ಮುದುಕಿ ಕೋಳಿಪುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಪುಟ್ಟಿಗೆ ಕಟ್ಟಿದ್ದ ಕಾರ್ಡಿನ ನೆತ್ತಿಯ ಮೇಲೆ ಸೋಮವಾರವಿತ್ತು! ಮೂರ್ತಿಗೆ ಆ ಮುದುಕಿಯ ಕಾಲಿಗೆ ಬೀಳಬೇಕೆನಿಸಿತು.

"ಅಜ್ಜೀ, ಆ ಚೀಟಿ ನನಗೆ ಕೊಡಿ. ಬದಲಿಗೆ ಇದು ತಗೊಳ್ಳಿ," ಎಂದು ಜೇಬಿಗೆ ತುರುಕಿಕೊಂಡಿದ್ದ ಕಡಲೇಕಾಯಿ ಪೊಟ್ಟಣದ ಕಾರ್ಡೊಂದನ್ನು ತೆಗೆದ.

ಚಿಕ್ಕಬೋರಮ್ಮ ಎರಡನ್ನೂ ಕಣ್ಣಿನ ಹತ್ತಿರ ಹಿಡಿದು ನೋಡಿದಳು. "ನಿಂದ್ರಲ್ಲಿ ತೂತು ಕಮ್ಮಿ ಅವೆ ಕಣಪ್ಪ. ನಂಗ್ಯಾಕೆ ಮೋಸ ಮಾಡೀಯೆ? ಇಳಿಯಗಂಟ ಕೊಡಾಕಿಲ್ಲ. ಅಷ್ಟು ಬೇಕಾದ್ರೆ ಈ ಪುಟ್ಟಿ ಇಡ್ಕೊ, ನನ್ ತೊಡೆ ನೋಯ್ತದೆ."

ಹೀಗೆ ಇಕ್ಷುಲಕ್ಷ್ಮಿ ಕಾರ್ಖಾನೆಯ ಕಂಪ್ಯೂಟರ್ ಪಂಡಿತ ಅರ್ಧ ದಾರಿ ಕೋಳಿ ಹೊತ್ತುಕೊಂಡು ಹೋದ. ಕೋಳಿ ಪುಟ್ಟಿಯ ಸಂದಿಯಿಂದ ಅವನ ಅಂಗಿಯ ಗುಂಡಿಗಳನ್ನು ಕುಕ್ಕಿತು, ಬೇರೆ ಮರ್ಯಾದೆಗಳನ್ನೂ ಮಾಡಿತು. ಮುದುಕಿ ಇಳಿಯುವಾಗ ಕಾರ್ಡು ಬಿಚ್ಚಿ ಕೊಟ್ಟು, "ಒಳ್ಳೆ ಉಡ್ಗ ಕಣ್ ನೀನು," ಎಂದು ಕೆನ್ನೆ ಸವರಿದಳು. ಮೂರ್ತಿ ರಸ್ತೆಯಲ್ಲಿ ಎರಡೂ ಕೈ ಚಾಚಿ ನಿಂತು, ಕಾರ್ಖಾನೆಗೆ ಹೊರಟಿದ್ದ ಕಬ್ಬಿನ ಲಾರಿಯೊಂದನ್ನು ತಡೆದು, ಕಬ್ಬಿನ ಮೇಲೆ ಕೂತು ಬಂದ. ಅಂಗಿ ಹರಿದಿತ್ತು, ತಲೆಯಲ್ಲಿ ಸೋಗೆಯಿತ್ತು, ಆದರೆ ಮನಸ್ಸಿನಲ್ಲಿ ಗೋದಾಳ ನಲ್ಲಿಯಿಂದ ನೀರು ಧಾರೆಯಾಗಿ ಬೀಳುತ್ತಿತ್ತು.

ಜೀಪಿನವನು ಹಾರನ್ ಹೊಡೆಯುತ್ತಿದ್ದ. ಬಾಗಿದ್ದ ಕಾರ್ಡನ್ನು ಯಂತ್ರ ಎರಡು ಸಲ ಉಗುಳಿತು, ಮೂರನೆಯ ಸಲ ನುಂಗಿತು. ಪಟ್ಟಿ ಗರಗರನೆ ಹೊರಬಂತು. ಗಾಡಿ ಹಳ್ಳಿಗಳಿಗೆಲ್ಲ ಸೋಮವಾರ ಖಾಲಿ! ಅಲ್ಲಿಯವರೆಗೂ ಗೇಟಿನಲ್ಲೇ ಕಾದಿದ್ದ ತಿಮ್ಮಯ್ಯ ಅದನ್ನು ಓದಿಸಿ ಕೇಳಿ, "ಈಗ ಸರೋಯ್ತು ಬುಡಿ ಸಾಮಿ. ನಿಮ್ ಮಿಸನ್ಗೂ ದೇವ್ರು ಅಂದ್ರೆ ಬಯ ಅದೆ," ಎಂದು ಜನರೊಂದಿಗೆ ಹೊರಟ. ವರದರಾಜ ಹುಳ್ಳಗೆ ನಕ್ಕು ಮನೆಗೆ ನಡೆದ.

ಮ್ಯಾನೇಜರು ಮೂರ್ತಿಯ ಬೆನ್ನು ತಟ್ಟಿದರು. "ಭೇಷ್! ಒಂದೇ ಕಂತೆ, ಒಂದೇ ಕಾರ್ಡು, ಅಷ್ಟೂ ಹಳ್ಳಿ. ಮನೆ ನಿಂದೇ ಕಣಯ್ಯ. ಇಷ್ಟೇ ಅಲ್ಲ, ನಿನ್ನ ಕೆಲಸದಿಂದ ನನ್ನ ಕಣ್ಣೂ ತೆರೀತು. ನೀನು ಆ ಕಡೆ ಹೋದ ಮೇಲೆ ಕ್ವಾರ್ಟರ್ಸಿನ ನಕ್ಷೆಗಳನ್ನ ತೆಗೆದೆ. ಎಂಟು ಮನೆ, ಎಂಟು ನಕ್ಷೆ. ಒಂದರ ಮೇಲೊಂದಿಟ್ಟು ಕಿಟಕಿಗೆ ಹಿಡಿದೆ. ಏನು ಕಂಡಿತು ಹೇಳು?"

"ಏನು ಸಾರ್?" ಎಂದ ಮೂರ್ತಿ, ತಲೆಯ ಸೋಗೆ ತೆಗೆಯುತ್ತ.

"ಎಲ್ಲಾ ಒಂದೇ! ಅದೇ ಬಚ್ಚಲು, ಅದೇ ಅಡುಗೆಮನೆ, ಅದೇ ನಲ್ಲಿ, ಎಂಟು ಸಲ! ಬದಲಾಗೋದು ಬಾಗಿಲ ಮೇಲಿನ ಹೆಸರು ಮಾತ್ರ. ಎಂಥಾ ದಂಡ! ಮೇಸ್ತ್ರಿಗೆ ಆಗಲೇ ಹೇಳಿ ಕಳಿಸಿದೀನಿ. ನಡು ಅಂಗಳದಲ್ಲಿ ಒಂದು ನಲ್ಲಿ, ಒಂದು ಬಚ್ಚಲು. ಉಳಿಯೋ ಜಾಗದಲ್ಲಿ ಇನ್ನೂ ಎಂಟು ಸಂಸಾರ ಹಿಡಿಯತ್ತೆ!"

"ಸಾರ್... ಹದಿನಾರು ಸಂಸಾರಕ್ಕೆ ಒಂದೇ ನಲ್ಲಿ ಅಂದರೆ ಜಗಳ ಆಗತ್ತೆ ಸಾರ್..."

"ಯಾಕೆ ಆಗತ್ತೆ? ನೀರಿನ ಸರದೀನೂ ಮೆಷಿನ್ನೇ ಅಚ್ಚು ಹಾಕಲಿ. ಅದಕ್ಕೆ ಅಂತ ಇನ್ನೊಂದು ಪ್ರೋಗ್ರಾಮ್ ಬರೆಯೋಕೆ ಹೋದೀಯ ಮತ್ತೆ! ಇವತ್ತಿಂದೇ ಸಾಕು. ಹಳ್ಳಿ ಹೆಸರಿರೋ ಕಡೆ ಸಂಸಾರದ ಹೆಸರು ಹಾಕು. ಯಾರ ಹತ್ತಿರಾನೂ ಲಾರಿ ಇಲ್ಲವಲ್ಲ, ಎಲ್ಲರನ್ನೂ ಗಾಡಿ ಲೆಕ್ಕಕ್ಕೇ ಸೇರಿಸು. ಮಿಕ್ಕಿದ್ದರಲ್ಲಿ ಒಂದು ಕಾರ್ಡನ್ನೂ ಮುಟ್ಟಬಾರದು, ತಿಳೀತಾ?"

ಮೂರ್ತಿ ಮನೆ ಸೇರಿದಾಗ ಗೋದಾ ಶಾವಿಗೆ ಪಾಯಸ ಮಾಡಿ ಬಾಗಿಲಲ್ಲೇ ನಿಂತಿದ್ದಳು. ಗಂಡನ ಅಂಗಿಯ ಅವಸ್ಥೆ ಅವಳ ಕಣ್ಣಿಗೆ ಬೀಳಲೇ ಇಲ್ಲ.

"ಮನೆ ಸಿಕ್ತಾ?"

"ಸಿಕ್ತು."

"ನಲ್ಲಿ ಇದೆಯಾ?"

"ಇದೆ."

"ದಿನಾ ನೀರು ಬರತ್ತೇನ್ರೀ?"

ಮೂರ್ತಿ ಪಾಯಸದ ಲೋಟ ಕೈಗೆ ತೆಗೆದುಕೊಂಡು ಒಂದು ಗುಟುಕು ಕುಡಿದ.

"ಬರತ್ತೆ ಗೋದಾ," ಎಂದ. "ಸೋಮವಾರ ಒಂದು ಬಿಟ್ಟು."