ಕೆಳಗಿನ ರಸ್ತೆಯಲ್ಲಿ ಯುರೋಪು

ಒಂದೆಡೆ ತೆಪ್ಪಗೆ ಕೂರುವುದು ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ಮುಹೂರ್ತಕ್ಕೆ ಎರಡು ಗಂಟೆ ಮುಂಚೆಯೇ ಮದುವೆಮನೆಗೆ ಬಂದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಊಟಕ್ಕೆ ಕರೆಯುವವರೆಗೂ ಕದಲದ ಜನರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನಗೆ ಕುರ್ಚಿಯಲ್ಲಿ ಕೂತರೆ ಏಳಬೇಕೆನಿಸುತ್ತದೆ. ಎದ್ದರೆ ಎಲ್ಲಿಗೆ ಹೋಗಬೇಕೆಂದು ತಿಳಿಯುವುದಿಲ್ಲ. ಮತ್ತೆ ಕೂರುತ್ತೇನೆ. ಕೂತ ಕೂಡಲೇ ಬಲಗಾಲು ನನ್ನನ್ನೊಂದು ಮಾತೂ ಕೇಳದೆ ಅಲ್ಲಾಡತೊಡಗುತ್ತದೆ. ಹೆಣ್ಣು ನೋಡಲು ಹೋದ ದಿನ ದಾವಣಗೆರೆಯ ಮಾವನವರ ಮನೆಯಲ್ಲಿ, ಟೀಪಾಯಿಯ ಮೇಲಿದ್ದ ಉಪ್ಪಿಟ್ಟಿನ ತಟ್ಟೆಗಳು ನನ್ನ ಕಾಲಿನ ದೆಸೆಯಿಂದ ಗಲಗಲ ಎಂದದ್ದನ್ನು ನನ್ನ ಹೆಂಡತಿ ಶಾರದೆ ಇವತ್ತಿಗೂ ಮರೆತಿಲ್ಲ. "ಹುಡುಗ ಪಾಪ ಹೆದರಿದಾನೆ ಅಂದಿದ್ರು ನಮ್ಮಪ್ಪಾಜಿ. ಇಪ್ಪತ್ನಾಲ್ಕು ವರ್ಷ ಆತು, ನಿಮ್ಮ ಹೆದರಿಕೆ ಇನ್ನೂ ಇಳಿದಿಲ್ಲ ನೋಡ್ರಿ" ಎನ್ನುತ್ತಾಳೆ.

ಇಂಥ ಆಸಾಮಿ ಐವತ್ತೊಂದನೆಯ ವಯಸ್ಸಿನಲ್ಲಿ ದೂರಶಿಕ್ಷಣದ ಎಂ.ಎ.ಗೆ ಹೆಸರು ಹಚ್ಚಿದ. ಅದೂ ಯುರೋಪ್ ಅಧ್ಯಯನಕ್ಕೆ. ಯಾಕೆಂದು ಹೇಳಿಬಿಡುತ್ತೇನೆ. ಜಿಗಣಿಯಲ್ಲಿ ಪಂಪು, ವಾಲ್ವು ಮಾಡುವ ಕಾರ್ಖಾನೆಯೊಂದರ ರಫ್ತು ವಿಭಾಗದಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ಕಾಗದಪತ್ರ ನೋಡಿಕೊಳ್ಳುತ್ತೇನೆ. ಯಾವ ಪೆಟ್ಟಿಗೆ ಯುರೋಪಿನ ಯಾವ ಊರಿಗೆ ಹೋಗಬೇಕು ಎಂಬ ಚೀಟಿ ನನ್ನ ಮೇಜಿನಿಂದ ಹೋಗಬೇಕು. ಅದನ್ನು ಪೆಟ್ಟಿಗೆಗೆ ಅಂಟಿಸುವವರು ಪ್ಯಾಕಿಂಗ್ ವಿಭಾಗದ ಜಯಮ್ಮ. ಮಾಗಡಿ ಕಡೆಯವರು, ಕೈ ಬಲು ಚುರುಕು, ಮಾತು ಕಡಿಮೆ. ಒಂದು ದಿನ ಅವರು ಚೀಟಿಯ ಮೇಲೆ ಅಂಗೈ ಒತ್ತಿ ಹಿಡಿದುಕೊಂಡೇ ಕೇಳಿದರು: "ಸಾರ್, ಈ ಊರ್ನಾಗೆ ನಮ್ ಪೆಟ್ಗೆ ಬಿಚ್ಚೋರು ಎಂಗಿರ್ತಾರೆ?" "ನಮ್ಮ ಹಾಗೇ ಇರ್ತಾರೆ ಜಯಮ್ಮ" ಎಂದು ದೊಡ್ಡ ಮನುಷ್ಯನ ಹಾಗೆ ಹೇಳಿ ಬಂದೆ. ಬಂದು ಕೂತರೆ ಕಾಲು ನಿಲ್ಲಲೊಲ್ಲದು. ನನಗೇನು ಗೊತ್ತಿತ್ತು? ಇಪ್ಪತ್ತೆರಡು ವರ್ಷ ಆ ಊರುಗಳ ಪಿನ್‌ಕೋಡ್ ಬರೆದಿದ್ದೆನೇ ಹೊರತು, ಅಲ್ಲಿ ಮಳೆ ಯಾವಾಗ ಬರುತ್ತದೆ ಎಂಬುದೂ ನನಗೆ ತಿಳಿದಿರಲಿಲ್ಲ. ಆ ತಿಂಗಳೇ ಅರ್ಜಿ ಹಾಕಿದೆ. ಶಾರದೆಯೊಬ್ಬಳನ್ನು ಬಿಟ್ಟು ಇನ್ನಾರಿಗೂ ಹೇಳಲಿಲ್ಲ.

ಹೇಳದೆ ಇದ್ದದ್ದು ಒಳ್ಳೆಯದೇ ಆಯಿತು. ಬೇರೆ ಪೇಪರುಗಳೆಲ್ಲ ಹೇಗೋ ದಡ ಸೇರಿದವು. 'ಯುರೋಪಿನ ಒಕ್ಕೂಟದ ರಚನೆ' ಎಂಬುದೊಂದರಲ್ಲಿ ಮಾತ್ರ ಎರಡು ಸಲ ಗೋತಾ ಹೊಡೆದೆ. ಮೂರನೆಯದೇ ಕೊನೆಯ ಅವಕಾಶ. ಅದೂ ಹೋದರೆ ನನ್ನ ನೋಂದಣಿಯೇ ರದ್ದಾಗಿ, ಪಾಸಾದ ಪೇಪರುಗಳೂ ನೀರಿಗೆ ಬಿದ್ದ ಹಾಗೆ. ದಡ್ಡತನ ಕಾರಣವೆಂದು ನಾನು ಒಪ್ಪುವುದಿಲ್ಲ, ಕೂರಲಾರದ್ದೇ ಕಾರಣ. ಮನೆಯಲ್ಲಿ ಪುಸ್ತಕ ಹಿಡಿದು ಹಾಲಿನಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಬಾಲ್ಕನಿಗೆ ತಿರುಗುತ್ತ ಓದುತ್ತಿದ್ದೆ. ಕೆಳಗಿನ ಫ್ಲ್ಯಾಟಿನವರು ಮೇಲೆ ಬಂದು, "ಸಾರ್, ನಿಮ್ಮನೇಲಿ ಏನಾದ್ರೂ ಮಷಿನ್ ಇಟ್ಟಿದೀರಾ?" ಎಂದು ವಿನಯದಿಂದ ವಿಚಾರಿಸಿಕೊಂಡು ಹೋದರು. ಅಂದಿನಿಂದ ಆ ಪ್ರದಕ್ಷಿಣೆಯೂ ನಿಂತಿತು.

ಆಗ ನನ್ನ ಕೈ ಹಿಡಿದದ್ದು ಕಂಪನಿ ಬಸ್ಸು. ಬಸ್ಸಿಗೆ ಕೊನೆಯವರಾಗಿ ಹತ್ತುವವರು ಬೊಮ್ಮನಹಳ್ಳಿಯವರಾದ ನಾವು. ಅಲ್ಲಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ತೆವಳಬೇಕು. ಮೂರನೆಯ ಸಾಲಿನ ಕಿಟಕಿ ಪಕ್ಕ ನನ್ನ ಸೀಟು. ಹಿಂದಿನ ಸೀಟು ಜಯಮ್ಮನವರದು. ಕಂಪನಿ ಬಸ್ಸಿನಲ್ಲಿ ಸೀಟಿಗೆ ಯಾರೂ ಹೆಸರು ಬರೆದಿಲ್ಲ, ಆದರೂ ಇನ್ನೊಬ್ಬರ ಸೀಟಿನಲ್ಲಿ ಕೂತು ನೋಡಿ, ಗೊತ್ತಾಗುತ್ತದೆ. ಅಲ್ಲಿ ಕೂತು ಪುಸ್ತಕ ತೆರೆದರೆ ಏನು ವಿಚಿತ್ರವೋ, ನಾಲ್ಕು ಪುಟ ಸರಾಗವಾಗಿ ತಲೆಗೆ ಇಳಿದವು! ಬಸ್ಸು ಹೋಗುತ್ತಿದೆ ಎಂದು ನನ್ನ ಕಾಲಿಗೆ ಸಮಾಧಾನ, ಹೋಗುತ್ತಿಲ್ಲವಾದ್ದರಿಂದ ಕಣ್ಣಿಗೆ ಅನುಕೂಲ. ಪುಸ್ತಕಕ್ಕೆ ಕಂದು ಕಾಗದದ ಹೊದಿಕೆ ಹಾಕಿದೆ. ಯಾರಾದರೂ ಕೇಳಿದರೆ ವಚನದ ಪುಸ್ತಕ ಅನ್ನೋಣವೆಂದಿದ್ದೆ. ಯಾರೂ ಕೇಳಲಿಲ್ಲ, ಅದೂ ಒಂದು ಸಣ್ಣ ಬೇಜಾರೇ.

ಹೀಗೆ ಯುರೋಪು ಸುಗಮವಾಗಿ ಸಾಗುತ್ತಿರುವಾಗ ಆಡಳಿತ ವರ್ಗಕ್ಕೆ ನಮ್ಮ ಮೇಲೆ ಕರುಣೆ ಬಂತು. ಇನ್ನು ಮುಂದೆ ಬಸ್ಸು ಮೇಲಿನ ರಸ್ತೆಯಲ್ಲಿ, ಅಂದರೆ ಎತ್ತರದ ಟೋಲ್ ರಸ್ತೆಯಲ್ಲಿ ಹೋಗಬಹುದು, ಪ್ರಯಾಣಿಕರು ತಮ್ಮಲ್ಲೇ ಮಾತಾಡಿಕೊಳ್ಳಲಿ ಎಂದು ನೋಟಿಸ್ ಹಾಕಿದರು. ಮೇಲೆ ಹೋದರೆ ಹತ್ತೇ ನಿಮಿಷ. ಹತ್ತು ನಿಮಿಷದಲ್ಲಿ ಕನ್ನಡಕ ಒರೆಸಿಕೊಂಡು ಪುಟ ಹುಡುಕುವಷ್ಟರಲ್ಲಿ ಎಲೆಕ್ಟ್ರಾನಿಕ್ ಸಿಟಿ ಬಂದಿರುತ್ತದೆ! ಮೇಂಟೆನೆನ್ಸಿನ ರಂಗಸ್ವಾಮಿ ಬಸ್ಸಿನಲ್ಲೇ ಎದ್ದು ನಿಂತು, "ಸಕ್ಕತ್ತಾಯ್ತು ಕಣ್ರೀ, ಕೈ ಎತ್ತಿ ಎಲ್ರೂ, ಇವತ್ತಿಂದ್ಲೇ ಮೇಲೆ" ಎಂದ. ಹಿಂದಿನ ದಿನ ಓದಿದ್ದು ನನ್ನ ಬಾಯಿಗೆ ಬಂತು. ಯುರೋಪಿನ ಒಕ್ಕೂಟದಲ್ಲಿ ಇಪ್ಪತ್ತೇಳು ದೇಶಗಳಿವೆ, ತೆರಿಗೆ ಮತ್ತು ವಿದೇಶಾಂಗದಂಥ ವಿಷಯಗಳಲ್ಲಿ ಒಂದು ದೇಶ ಬೇಡವೆಂದರೂ ಆ ತೀರ್ಮಾನ ಅಲ್ಲಿಗೇ ನಿಲ್ಲುತ್ತದೆ. ನಮ್ಮ ಬಸ್ಸಿನಲ್ಲೂ ಎಣಿಸಿ ಇಪ್ಪತ್ತೇಳು ಜನ! ನಾನು ಎದ್ದು ನಿಂತು, "ನೋಡಿ, ದೊಡ್ಡ ದೊಡ್ಡ ದೇಶಗಳೇ ಹೀಗೆ ಕೈ ಎತ್ತಿಸಿ ಮುಗಿಸಲ್ಲ. ಎಲ್ಲರೂ ಒಪ್ಪಿದರೆ ಮಾತ್ರ ಮೇಲೆ. ಒಬ್ಬರು ವೀಟೋ ಅಂದರೂ ಕೆಳಗೆ. ಮತ್ತೆ, ಕಾರಣ ಕೇಳುವ ಹಾಗಿಲ್ಲ" ಎಂದೆ. ಕೊನೆಯ ವಾಕ್ಯ ಯಾವ ಪುಸ್ತಕದಲ್ಲೂ ಇರಲಿಲ್ಲ, ನನ್ನ ಗುಟ್ಟು ಕಾಯುವುದಕ್ಕೆ ಸ್ಥಳದಲ್ಲೇ ಸೇರಿಸಿದ್ದು.

ಜನ ಒಪ್ಪಿಬಿಟ್ಟರು. ಅದಕ್ಕೊಂದು ಒಳಗುಟ್ಟಿದೆ. ಸ್ವಂತ ಗಾಡಿಯಲ್ಲಿ ತಡವಾಗಿ ಬಂದರೆ ಹಾಜರಿಯಲ್ಲಿ ಕೆಂಪು ಗುರುತು ಬೀಳುತ್ತದೆ. ಕಂಪನಿ ಬಸ್ಸೇ ತಡವಾದರೆ ಯಾರಿಗೂ ಏನೂ ಇಲ್ಲ. ಬೇಗ ಹೋಗಿ ಸಾಧಿಸುವುದೇನು ಎಂದು ಎಲ್ಲರೂ ಒಳಗೊಳಗೇ ಲೆಕ್ಕ ಹಾಕಿರಬೇಕು. ಮಾರನೆಯ ದಿನದಿಂದ ಬೊಮ್ಮನಹಳ್ಳಿ ದಾಟುತ್ತಿದ್ದ ಹಾಗೆ ಕೊಪ್ಪಳದ ಕಡೆಯ ಡ್ರೈವರ್ ಹನುಮಂತಪ್ಪ ಕನ್ನಡಿಯಲ್ಲಿ ನಮ್ಮನ್ನು ನೋಡಿ, "ಮ್ಯಾಲ ಏರ್ಸಲೇನ್ರೀ, ಕೆಳಗ ಹೋಗಲೇನ್ರೀ?" ಎಂದು ಕೇಳುವುದು, ನಾನು ಕಿಟಕಿಯಾಚೆ ನೋಡುತ್ತ "ವೀಟೋ" ಎನ್ನುವುದು ರೂಢಿಯಾಯಿತು. ಆದರೆ ಒಳ್ಳೆಯ ನಿಯಮವನ್ನು ನಮ್ಮ ಜನ ಅದರ ಪಾಡಿಗೆ ಬಿಡುತ್ತಾರೆಯೇ? ರಂಗಸ್ವಾಮಿ ಹಾಡು ಹಾಕಿಸಿದರೆ ಸ್ಟೋರ್ಸಿನವರು ವೀಟೋ. ಅವರು ಕಿಟಕಿ ತೆಗೆದರೆ ಅಕೌಂಟ್ಸಿನ ಮೇಡಂ ವೀಟೋ. ಮೇಡಂ ಡಬ್ಬಿ ತೆಗೆದು ಚಿತ್ರಾನ್ನ ತಿನ್ನತೊಡಗಿದರೆ ಹಿಂದಿನ ಸೀಟಿನಿಂದ ವೀಟೋ. ವಾರದೊಳಗೆ ಬಸ್ಸಿನಲ್ಲಿ ಹಾಡಿಲ್ಲ, ಗಾಳಿಯಿಲ್ಲ, ತಿಂಡಿಯಿಲ್ಲ. ನನಗೆ ಅದು ಸಾಕ್ಷಾತ್ ಗ್ರಂಥಾಲಯವೇ ಆಯಿತು.

ಪರೀಕ್ಷೆ ಒಂದು ಶನಿವಾರ ಮಧ್ಯಾಹ್ನ ಎರಡಕ್ಕೆ, ಕೋರಮಂಗಲದ ಕಡೆಯ ಒಂದು ಕಾಲೇಜಿನಲ್ಲಿ ಬಿತ್ತು. ರಜೆ ಹಾಕಬಹುದಿತ್ತು, ಆದರೆ ರಜೆಯ ಅರ್ಜಿಯಲ್ಲಿ ಕಾರಣದ ಕಾಲಂ ಇದೆ. ಶನಿವಾರ ಅರ್ಧ ದಿನ, ಹನ್ನೆರಡೂವರೆಗೆ ಬಸ್ಸು ಹೊರಡುತ್ತದೆ, ಆರಾಮವಾಗಿ ತಲುಪುತ್ತೇನೆ ಎಂದು ಧೈರ್ಯ ಮಾಡಿದೆ. ಆವತ್ತೇ ಕಂಟೇನರ್ ಬರುವುದು ತಡವಾಗಿ, ಪೆಟ್ಟಿಗೆ ತುಂಬಿಸಿ ಮುಗಿಸಿ, ಬಸ್ಸು ಜಿಗಣಿ ಬಿಟ್ಟಾಗ ಒಂದೂಕಾಲು. ಎಲೆಕ್ಟ್ರಾನಿಕ್ ಸಿಟಿ ಸೇರುವಾಗ ಒಂದೂಮುಕ್ಕಾಲಾಗಿತ್ತು. ಎರಡೂವರೆಯ ಮೇಲೆ ಪರೀಕ್ಷೆಯ ಕೊಠಡಿಯೊಳಗೆ ಬಿಡುವುದಿಲ್ಲ. ಕೂತರೆ ಏಳುತ್ತೇನೆ, ಎದ್ದರೆ ಕೂರುತ್ತೇನೆ, ಕರ್ಚೀಫು ಹಿಂಡಿ ಹಿಂಡಿ ಹಗ್ಗವಾಗಿತ್ತು. ಹನುಮಂತಪ್ಪ ಕೇಳುವ ಮೊದಲೇ ನಾನು ಕೂಗಿದೆ, "ಮೇಲೆ! ಮೇಲೆ!" ಬಸ್ಸಿನವರೆಲ್ಲ ತಿರುಗಿ ನೋಡಿದರು. ರಂಗಸ್ವಾಮಿ ಚಪ್ಪಾಳೆ ತಟ್ಟಿದ. ಆಗ ನನ್ನ ಬೆನ್ನ ಹಿಂದಿನಿಂದ, ಎಂದೂ ಬಾಯಿ ಬಿಡದ ಜಯಮ್ಮನವರ ದನಿ ಬಂತು: "ವೀಟೋ."

"ಯಾಕೆ ಜಯಮ್ಮ?" ಎಂದೆ. ನನ್ನ ದನಿ ನನಗೇ ಕೀರಲಾಗಿ ಕೇಳಿಸಿತು. "ಕಾರಣ ಕೇಳಂಗಿಲ್ಲ ಸಾರ್, ನೀವೇ ಅಂದಿದ್ರಿ" ಎಂದರು ಅವರು. ಹನುಮಂತಪ್ಪ ಸ್ಟಿಯರಿಂಗನ್ನು ಕೆಳಗಿನ ರಸ್ತೆಯ ಕಡೆಗೆ ತಿರುಗಿಸಿದ. ಮುಂದೆ ಲಾರಿಗಳ ಸಾಲು ಕಾಣುತ್ತಿತ್ತು. ಎರಡು ವರ್ಷ ಮುಚ್ಚಿಟ್ಟ ಮಾನ ಒಂದು ಕಡೆ, ಎರಡು ವರ್ಷದ ಓದು ಇನ್ನೊಂದು ಕಡೆ. ಬಸ್ಸಿನ ನಡುವೆ ನಿಂತು ಹೇಳಿಯೇಬಿಟ್ಟೆ: "ನನಗೆ ಪರೀಕ್ಷೆ ಇದೆ! ಎಂ.ಎ.! ಎರಡು ಸಲ ಫೇಲಾಗಿದೀನಿ, ಇದೇ ಕೊನೇದು!" ಎಲ್ಲರೂ ಮೂಗಿನ ಮೇಲೆ ಬೆರಳಿಡುತ್ತಾರೆ ಎಂದುಕೊಂಡಿದ್ದೆ. ಬಸ್ಸಿಗೆ ಬಸ್ಸೇ ನಕ್ಕಿತು. "ಅದು ಯಾರಿಗೆ ಗೊತ್ತಿಲ್ಲ ಗುರು? ದಿನಾ ಬಾಯಿಬಿಟ್ಟು ಓದ್ತೀರಲ್ಲ, ಯುರೋಪಲ್ಲಿ ಎಷ್ಟು ದೇಶ ಅಂತ ನನ್ನ ಕೇಳಿ, ಹೇಳ್ತೀನಿ" ಎಂದ ರಂಗಸ್ವಾಮಿ. ಜಯಮ್ಮ ಮಾತ್ರ ನಗಲಿಲ್ಲ. "ಪರೀಕ್ಸೆ ಇವತ್ತೇ ಅಂತ ಏಳ್ಬಾರ್ದಾ ಸಾರ್? ಹನುಮಂತಣ್ಣ, ಮ್ಯಾಕೆ ಓಗ್ಲಿ" ಎಂದರು.

ಎರಡು ಇಪ್ಪತ್ತಕ್ಕೆ ಪರೀಕ್ಷೆಯ ಕೊಠಡಿಯೊಳಗೆ ಬಿದ್ದೆ. ಪ್ರಶ್ನೆಪತ್ರಿಕೆ ತಿರುಗಿಸಿದರೆ ಮೊದಲನೆಯದೇ: ಸರ್ವಾನುಮತದ ನಿಯಮದ ಗುಣದೋಷಗಳನ್ನು ಚರ್ಚಿಸಿ. ಗುಣಗಳನ್ನು ಪುಸ್ತಕದಲ್ಲಿದ್ದ ಹಾಗೆ ಅರ್ಧ ಪುಟ ಬರೆದೆ. ದೋಷಗಳಿಗೆ ಹೆಚ್ಚುವರಿ ಹಾಳೆ ಎರಡು ಸಲ ಕೇಳಿ ತೆಗೆದುಕೊಂಡೆ. ಎರಡು ತಿಂಗಳ ಮೇಲೆ ಫಲಿತಾಂಶ ಬಂತು, ನಲವತ್ತನಾಲ್ಕು. ಪಾಸು! ಶಾರದೆ ಫೋನು ಹಿಡಿದು ದಾವಣಗೆರೆಯಲ್ಲಿ ಒಬ್ಬರನ್ನೂ ಬಿಡಲಿಲ್ಲ. ನಾನು ಬಸ್ಸಿನಲ್ಲಿ ಮೈಸೂರುಪಾಕು ಹಂಚಿದೆ. ಆಗ ಮಾತ್ರ ತಿಂಡಿಗೆ ಯಾರೂ ವೀಟೋ ಎನ್ನಲಿಲ್ಲ.

ಆವತ್ತು ಹನುಮಂತಪ್ಪ ಎಂದಿನಂತೆ ಕೇಳಿದ. ಓದುವುದು ಮುಗಿದಿದೆ, ಕಾಲು ಕುಣಿಯುತ್ತಿದೆ, ಆ ಲಾರಿಗಳ ಬೆನ್ನು ಇನ್ನು ನೋಡಲಾರೆ ಎನಿಸಿ ನಾನು, "ಮೇಲೆ ಹನುಮಂತಪ್ಪ, ಇನ್ನೇನು ಮೇಲೆಯೇ" ಎಂದೆ. ಹಿಂದಿನಿಂದ ಮತ್ತೆ, "ವೀಟೋ." ಸಿಟ್ಟು ಬಂತು. ಮೈಸೂರುಪಾಕು ತಿಂದ ಬಾಯಲ್ಲೇ ವೀಟೋ! ಗಿರಕ್ಕನೆ ತಿರುಗಿದೆ. ಜಯಮ್ಮನವರ ತೊಡೆಯ ಮೇಲೆ ಒಂದು ಪುಸ್ತಕವಿತ್ತು, ಕಂದು ಕಾಗದದ ಹೊದಿಕೆ ಹಾಕಿದ್ದು.

ನಾನು ನೋಡಿದ್ದು ಅವರಿಗೆ ಗೊತ್ತಾಯಿತು. "ಬಿ.ಎ. ಸಾರ್" ಎಂದರು, ತಪ್ಪು ಒಪ್ಪಿಕೊಂಡ ಹಾಗೆ. "ನೀವು ಓದಾದು ಕೇಳ್ತಿತ್ತು. ಸಾರೇ ಈ ವಯಸ್ನಾಗೆ ಓದ್ತಾವ್ರೆ, ನಾನ್ಯಾಕೆ ಓದ್ಬಾರ್ದು ಅನ್ನುಸ್ತು. ಮನೇನಾಗೆ ಎರಡು ರೂಮು, ಏಳು ಜನ. ಇಲ್ಲೇ ಆಗಾದು." ಆ ಶನಿವಾರ ನೆನಪಾಗಿ ಕೇಳಿದೆ. "ಮಾರ್ನೆ ದಿನ ಇಂಗ್ಲಿಸ್ ಪೇಪರ್ ಇತ್ತು ಸಾರ್. ಕೊನೇ ಪಾಠ ಬಸ್ನಾಗೆ ಮುಗ್ಸಾನ ಅಂತಿದ್ದೆ. ಪ್ರಶ್ನೆ ಅದ್ರಾಗೇ ಬಂತು, ಪೇಪರ್ ಓಯ್ತು. ಬಿಡಿ, ಮತ್ತೆ ಪರೀಕ್ಸೆಗೆ ಕಟ್ಟಿವ್ನಿ." ಅಷ್ಟು ಹೇಳಿ ಅವರು ಪುಟ ತಿರುಗಿಸಿದರು. ನನಗೆ ನಾಚಿಕೆಯಾಯಿತು, ನಿಜವಾಗಿಯೂ ಆಯಿತು. ಪೆಟ್ಟಿಗೆ ಬಿಚ್ಚುವ ಊರಿನವರು ಹೇಗಿರುತ್ತಾರೆಂದು ತಿಳಿಯಲು ಎರಡು ವರ್ಷ ಓದಿದೆ. ಆ ಪ್ರಶ್ನೆ ಕೇಳಿದವರು ಎರಡು ಗೇಣು ಹಿಂದೆ ಕೂತು ಏನು ಮಾಡುತ್ತಿದ್ದಾರೆಂದು ಒಂದು ಸಲವೂ ತಿರುಗಿ ನೋಡಿರಲಿಲ್ಲ.

ಮಾರನೆಯ ಬೆಳಿಗ್ಗೆ ಬೊಮ್ಮನಹಳ್ಳಿ ದಾಟಿತು. ಹನುಮಂತಪ್ಪ ಕನ್ನಡಿಯಲ್ಲಿ ನೋಡಿ ಬಾಯಿ ತೆರೆಯುವ ಮೊದಲೇ ನಾನು ಕೈ ಎತ್ತಿ, "ವೀಟೋ" ಎಂದೆ. "ಮತ್ಯಾಕ್ರೀ ಸರ, ಪಾಸಾದ್ರಲ್ಲ?" ಎಂದ ಅವನು. "ಕಾರಣ ಕೇಳುವ ಹಾಗಿಲ್ಲ" ಎಂದು ಗಂಭೀರವಾಗಿ ಹೇಳಿ ಕಿಟಕಿಗೆ ಮುಖ ಮಾಡಿದೆ. ಬಸ್ಸು ಕೆಳಗಿನ ರಸ್ತೆಗೆ ಇಳಿದು ಲಾರಿಗಳ ಹಿಂದೆ ನಿಂತಿತು. ನನ್ನ ಕೈಯಲ್ಲಿ ಪುಸ್ತಕವಿಲ್ಲ, ಮಾಡಲು ಕೆಲಸವಿಲ್ಲ, ಮುಂದೆ ಮುಕ್ಕಾಲು ಗಂಟೆ ಇದೆ. ಆದರೂ ಒಬ್ಬರಿಗೆ ಉಪಕಾರ ಮಾಡಿದ ತೃಪ್ತಿಯಲ್ಲಿ ಎದೆಯುಬ್ಬಿಸಿ ಕೂತೆ. ಐದು ನಿಮಿಷವೂ ಆಗಿರಲಿಕ್ಕಿಲ್ಲ, ಹಿಂದಿನಿಂದ ಯಾರೋ ನನ್ನ ಸೀಟನ್ನು ಮೆಲ್ಲಗೆ ತಟ್ಟಿದರು.

"ಸಾರ್, ಒಸಿ ಕಾಲು ಅಲ್ಲಾಡ್ಸಾದು ನಿಲ್ಸಿ. ಅಕ್ಸರ ಕುಣೀತವೆ, ಓದಕ್ಕಾಯ್ತಿಲ್ಲ."