ಆಫ್ರಿಕಾಕ್ಕೆ ಮುಂಚೆ ಒಂದು ಕರಡಿ

"ಸಿಂಹವೇ ಬರಲಿ, ಆನೆಯೇ ಬರಲಿ, ಈ ಚಂದ್ರಮೌಳಿಯ ಕಾರು ಕಂಡರೆ ಬಾಲ ಮುದುರಿಕೊಂಡು ಪಕ್ಕಕ್ಕೆ ಸರಿಯಬೇಕು!"

ಹೀಗೆಂದು ನಾನು ಘೋಷಿಸಿದ್ದು ಜಪಾನಿನ ಗ್ಯೋಟೋಕುವಿನ ನಮ್ಮ ಎರಡು ಕೋಣೆಯ ಮನೆಯಲ್ಲಿ, ಸೋಫಾದ ಮೇಲೆ ನಿಂತು. ನಿಂತದ್ದು ಭಾಷಣಕ್ಕಾಗಿ ಅಲ್ಲ. ಕೆಳಗೆ ನೆಲದ ಮೇಲೆ ಒಂದು ಜಿರಲೆ ಓಡಾಡುತ್ತಿತ್ತು.

"ಇಳೀರಿ, ಹೊಡೆದಾಯ್ತು" ಎಂದಳು ನನ್ನ ಹೆಂಡತಿ ಭಾನುಮತಿ, ಚಪ್ಪಲಿ ಕೆಳಗಿಡುತ್ತಾ. "ಅಲ್ಲಾ ರೀ, ಬೋಟ್ಸ್ವಾನಾದಲ್ಲಿ ಆನೆ ಅಡ್ಡ ಬಂದ್ರೆ ಯಾವ ಸೋಫಾ ಹತ್ತಿ ನಿಲ್ತೀರಾ?"

ನಮ್ಮ ಮದುವೆಯ ಇಪ್ಪತ್ತನೇ ವರ್ಷಕ್ಕೆ ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಿಂದ ಹೊರಟು, ನಮೀಬಿಯಾದ ಮರಳುಗಾಡು ದಾಟಿ, ಬೋಟ್ಸ್ವಾನಾದ ಕಾಡು ಹೊಕ್ಕು, ವಿಕ್ಟೋರಿಯಾ ಜಲಪಾತದವರೆಗೆ ನಾವಿಬ್ಬರೇ ಕಾರಿನಲ್ಲಿ ಹೋಗಬೇಕೆಂಬುದು ಅವಳ ಬಹುಕಾಲದ ಆಸೆ. ಫ್ರಿಜ್ಜಿನ ಬಾಗಿಲ ತುಂಬ ಅದರದೇ ಭೂಪಟ. ಅವಳು ಒಂದೊಂದು ಊರಿನ ಬಗ್ಗೆಯೂ ಓದಿಕೊಂಡಿದ್ದಳು. ನನ್ನ ಸಿದ್ಧತೆ ಒಂದೇ ಮಾತಿನಲ್ಲಿ ಮುಗಿದಿತ್ತು: "ಅಲ್ಲೂ ಜಪಾನಿನ ಹಾಗೆ ಎಡಗಡೆ ಓಡಿಸೋದು. ಇನ್ನೇನು ಬೇಕು?"

"ಇನ್ನೇನು ಬೇಕು ಅಂದ್ರೆ ಗುಂಡಿಗೆ ಬೇಕು" ಎಂದಳು ಭಾನು. "ಮೊದ್ಲು ಇಲ್ಲೇ ಉತ್ತರದ ಹೊಕ್ಕೈಡೋದಲ್ಲಿ ಒಂದು ವಾರ ಸುತ್ತೋಣ. ಟ್ರಯಲ್! ಅಲ್ಲಿ ನೀವು ಒಂದೇ ಒಂದು ಸಲಾನೂ ಕಿರುಚದೆ ಇದ್ರೆ ಇಬ್ರೂ ಆಫ್ರಿಕಾಗೆ. ಕಿರುಚಿದ್ರೋ, ನಾನೂ ಕೃಪಾನೂ ಹೋಗ್ತೀವಿ. ನೀವು ಮನೇಲಿ ಗಿಡಕ್ಕೆ ನೀರು ಹಾಕ್ಕೊಂಡಿರಿ."

ಕೃಪಾ ನಮ್ಮ ಕೆಳಗಿನ ಮನೆಯವಳು. ಅವಳೂ ಭಾನುವೂ ಜಪಾನಿನ ಲೈಸೆನ್ಸನ್ನು ಮೊದಲ ಸಲಕ್ಕೇ ಗಿಟ್ಟಿಸಿದವರು. ನಾನು... ಬಿಡಿ, ಆ ಮಾತು ಇಲ್ಲಿ ಬೇಡ. ಇಪ್ಪತ್ತು ವರ್ಷ ಸಂಸಾರ ಮಾಡಿದ ಗಂಡನನ್ನು ಬಿಟ್ಟು ಕೆಳಗಿನ ಮನೆಯವಳ ಜೊತೆ ಜಲಪಾತ ನೋಡುವುದೆಂದರೇನು! ನನಗೆ ರೋಷ ಉಕ್ಕಿತು. "ಕಿರುಚೋದಾ? ನಾನಾ? ನಡಿ!" ಎಂದೆ.

ಹೊಕ್ಕೈಡೋದಲ್ಲಿ ಬಾಡಿಗೆ ಕಾರು ಕೊಟ್ಟ ಹುಡುಗಿ ಸೊಂಟ ಬಗ್ಗಿಸಿ ನಮಸ್ಕರಿಸಿ, ಕೀಲಿಯ ಜೊತೆ ಒಂದು ಚೀಟಿಯನ್ನೂ ಕೊಟ್ಟಳು. ಅದರ ಮೇಲೆ ಬಾಯಿ ತೆರೆದ ದೊಡ್ಡ ಕರಡಿಯ ಚಿತ್ರ. ಭಾನುಗೆ ನನಗಿಂತ ಚೆನ್ನಾಗಿ ಜಪಾನಿ ಬರುತ್ತದೆ. ಅವಳು ಓದಿ ಹೇಳಿದಳು. "ಈ ವರ್ಷ ಕರಡಿ ಜಾಸ್ತಿ ಅಂತೆ. ನಾವು ಸದ್ದು ಮಾಡ್ಕೊಂಡು ಓಡಾಡ್ಬೇಕಂತೆ. ಮನುಷ್ಯ ಬಂದ ಅಂತ ಗೊತ್ತಾದ್ರೆ ಅದೇ ದೂರ ಹೋಗತ್ತಂತೆ."

"ಗೊತ್ತಾಗಿ, ಓಹೋ ತಿಂಡಿ ಬಂತು ಅಂದ್ಕೊಂಡ್ರೆ?"

"ಹೆದರಿಕೆ ಆಯ್ತಾ?"

"ಹೆದರಿಕೆನಾ! ಸುಮ್ನೆ ಡೌಟ್ ಕೇಳ್ದೆ."

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ದಾರಿಯುದ್ದಕ್ಕೂ ಕರಡಿಯ ಹಳದಿ ಬೋರ್ಡುಗಳು. ಕಪ್ಪು ಪ್ಲಾಸ್ಟಿಕ್ ಸುತ್ತಿ ಹೊಲದಲ್ಲಿ ಉರುಳಿಸಿಟ್ಟ ಹುಲ್ಲಿನ ಪಿಂಡಿಗಳೆಲ್ಲ ನನ್ನ ಕಣ್ಣಿಗೆ ಕೂತ ಕರಡಿಗಳು. ಸುಟ್ಟ ಮರದ ಬೊಡ್ಡೆ ನಿಂತ ಕರಡಿ. ಊರಾಚೆಯ ಕೊಂಬಿನಿ ಅಂಗಡಿಯಿಂದ ಕಪ್ಪು ಕೋಟಿನಲ್ಲಿ ಹೊರಬಂದ ಒಬ್ಬ ಅಮಾಯಕ ಅಜ್ಜ ಕಾಫಿ ಕುಡಿಯುವ ಕರಡಿ! ಆದರೆ ಕಿರುಚುವ ಹಾಗಿಲ್ಲವಲ್ಲ! ಕರ್ಚೀಫು ಕಚ್ಚಿಕೊಂಡು ಕಾರು ಓಡಿಸಿದೆ. "ಹಲ್ಲು ನೋವಾ?" ಎಂದು ಕೇಳಿದಳು ಭಾನು. ಹೌದೆಂದೆ. ಲವಂಗ ಕೊಟ್ಟಳು.

ಹೀಗೆ ಲವಂಗ ಅಗಿಯುತ್ತಾ ಎರಡು ದಿನ ದಾಟಿಸಿದ ವೀರ ಮೂರನೇ ಬೆಳಿಗ್ಗೆ ಒಂದು ಹೊಳೆಯ ಬಳಿ ಬಂದ. ಸಣ್ಣ ಸೇತುವೆ, ಕೆಳಗೆ ತಿಳಿನೀರು, ಎರಡೂ ಕಡೆ ಕೆಂಪಾದ ಮರಗಳು. ಈಗ ನಮ್ಮ ಮನೆತನದ ಒಂದು ಪದ್ಧತಿ ಹೇಳಬೇಕು. ಹೊಸ ಹೊಳೆ ದಾಟುವಾಗ ಇಳಿದು ಹೋಗಿ, ಕಾವೇರಿಯನ್ನು ನೆನೆದು, ನೀರನ್ನು ತಲೆಗೆ ಚಿಮುಕಿಸಿಕೊಳ್ಳದೆ ಮುಂದೆ ಹೋಗುವಂತಿಲ್ಲ. ಮೈಸೂರಿನಿಂದ ನನ್ನ ಅಮ್ಮ ಹಿಂದಿನ ಸಂಜೆಯಷ್ಟೇ ಫೋನಿನಲ್ಲಿ ವಿಚಾರಿಸಿದ್ದರು. "ಹೊಳೆ ಸಿಕ್ತಾ? ಇಬ್ರೂ ಚಿಮುಕಿಸ್ಕೊಂಡ್ರಾ?"

ಭಾನು ಹೀಟರ್ ಬಿಟ್ಟು ಇಳಿಯಲೊಪ್ಪಲಿಲ್ಲ. "ನನ್ನ ಪಾಲಿನ ನೀರು ಚೊಂಬಲ್ಲಿ ತನ್ನಿ" ಎಂದಳು. ಸೇತುವೆ ದಾಟಿ, ತಿರುವಿನಾಚೆ ಕಾರು ನಿಲ್ಲಿಸಿದೆ. ಅಕ್ಟೋಬರಿನ ಚಳಿ ಮೂಳೆ ಕೊರೆಯುತ್ತಿತ್ತು. ಅಮ್ಮನೇ ಕಟ್ಟಿಕೊಟ್ಟಿದ್ದ ಕುರಿಯುಣ್ಣೆಯ ಕರಿ ಕಂಬಳಿಯನ್ನು ತಲೆಯಿಂದ ಮೊಣಕಾಲಿನವರೆಗೆ ಕೊಪ್ಪೆ ಹಾಕಿಕೊಂಡು, ಕೈಯಲ್ಲಿ ಸ್ಟೀಲ್ ಚೊಂಬು ಹಿಡಿದು ದಂಡೆ ಇಳಿದೆ. ಬೂಟು ಕಳಚಿ ಮೊಣಕಾಲು ತಾಗುವಷ್ಟು ನೀರಿಗೆ ಹೋಗಿ, ಬಗ್ಗಿ, "ಅಮ್ಮಾ ಕಾವೇರಿ" ಎಂದೆನಷ್ಟೆ.

ಏನೋ ಒಂದು ದಪ್ಪನೆಯದು, ತಣ್ಣನೆಯದು, ಬಲವಾದದ್ದು ನನ್ನ ಮೀನಖಂಡಕ್ಕೆ ರಪ್ಪೆಂದು ಬಡಿಯಿತು!

ಆಗ ನನ್ನಿಂದ ಒಂದು ಶಬ್ದ ಹೊರಟಿತು. ಅದನ್ನು ಕಿರುಚಿದ್ದು ಎಂದು ನಾನು ಒಪ್ಪುವುದಿಲ್ಲ. ಎರಡು ದಿನದಿಂದ ಕರ್ಚೀಫಿನ ಹಿಂದೆ ತಡೆದಿಟ್ಟಿದ್ದೆಲ್ಲ ಒಟ್ಟಿಗೆ ಬಂತು, ಅಷ್ಟೆ. ಎರಡು ಕೈ, ಎರಡು ಕಾಲು, ನಾಲ್ಕನ್ನೂ ಬಳಸಿ ದಂಡೆ ಹತ್ತಿದೆ. ಕಂಬಳಿಯನ್ನು ಹಿಂದಿನ ಸೀಟಿಗೆ ಎಸೆದು ಕಾರೊಳಗೆ ಬಿದ್ದೆ. ಬೂಟು ಹೊಳೆಯ ಪಾಲಾಯಿತು.

ಭಾನು ಕಿಟಕಿ ಏರಿಸಿ ಹಾಡು ಕೇಳುತ್ತಿದ್ದಳು. "ಏನಾಯ್ತು? ಬೂಟೆಲ್ಲಿ? ನೀರೆಲ್ಲಿ?"

"ಏನಿಲ್ಲ. ನೀರು ತುಂಬಾ... ತಣ್ಣಗಿದೆ" ಎಂದು ಆಕ್ಸಿಲರೇಟರ್ ಒತ್ತಿದೆ.

ಮುಂದಿನ ಹಳ್ಳಿಯಲ್ಲಿ ಹೆದ್ದಾರಿ ಪಕ್ಕದ ಅಂಗಡಿಸಾಲಿನ ಎದುರು ನಿಲ್ಲಿಸುವುದಕ್ಕೂ, ಊರಿನ ಕಂಬಕ್ಕೆ ಕಟ್ಟಿದ ಧ್ವನಿವರ್ಧಕಗಳು ಗುಡುಗುವುದಕ್ಕೂ ಸರಿಹೋಯಿತು. ನನಗೆ ಅರ್ಥವಾದದ್ದು ಒಂದೇ ಪದ: ಕುಮಾ. ಅಂದರೆ ಕರಡಿ! ಭಾನು ಕಿವಿಗೊಟ್ಟು ಕೇಳಿ ಬಿಳುಚಿಕೊಂಡಳು. "ಸೇತುವೆ ಕೆಳಗೆ ಭಾರೀ ಕರಡಿಯಂತೆ ರೀ! ಭಯಂಕರವಾಗಿ ಘರ್ಜಿಸ್ತಂತೆ. ಯಾರೂ ಮನೆಯಿಂದ ಹೊರಗೆ ಬರ್ಬೇಡಿ ಅಂತಿದ್ದಾರೆ. ನಾವು ಅಲ್ಲೇ ಇದ್ವಲ್ಲ!"

ನಾನು ಥಟ್ಟನೆ ಕಾಲು ಮೇಲೆತ್ತಿಕೊಂಡೆ. "ಭಾನು... ನನ್ನ ಕಾಲು ಮುಟ್ಟಿದ್ದು ಅದೇ ಕಣೇ!"

"ಕಾಲು ಮುಟ್ತಾ? ಏನಿಲ್ಲ ಅಂದ್ರಿ!"

"ನೀನು ಹೆದರ್ತೀಯ ಅಂತ ಹೇಳ್ಲಿಲ್ಲ."

"ಕಿರುಚಿದ್ರಾ?"

"ಛೆ ಛೆ! ಗಂಭೀರವಾಗಿ ಎದ್ದು ಬಂದೆ."

ಅಂಗಡಿಗಳ ಷಟರುಗಳು ಒಂದೊಂದಾಗಿ ಇಳಿದವು. ಶಾಲೆಯ ಗೇಟು ಮುಚ್ಚಿತು. ಕಿತ್ತಳೆ ಬಣ್ಣದ ಅಂಗಿ ತೊಟ್ಟು, ಹೆಗಲಿಗೆ ಬಂದೂಕು ಏರಿಸಿದ ಇಬ್ಬರು ಬೇಟೆಗಾರರು ಜೀಪು ಹತ್ತಿ ಸೇತುವೆಯ ಕಡೆ ಹೋದರು. ನಾನು ಕಾರಿನ ನಾಲ್ಕೂ ಬಾಗಿಲು ಲಾಕ್ ಮಾಡಿ, ಸೀಟಿನ ಕೆಳಗೆ ಎಷ್ಟು ಹಿಡಿಸುತ್ತೇನೋ ಅಷ್ಟು ಇಳಿದೆ. ಸ್ವಲ್ಪ ಹೊತ್ತಿಗೆ ಕಿಟಕಿ ತಟ್ಟಿದವರು ಆ ಊರಿನ ಪೊಲೀಸ್ ಹೋರಿಗುಚಿ ಸಾನ್, ಅಂದರೆ ಹೋರಿಗುಚಿಯವರು. ಆ ದಾರಿಯಾಗಿ ಬಂದವರೆಲ್ಲರನ್ನೂ ವಿಚಾರಿಸುತ್ತಿದ್ದರು. ಪೊಲೀಸರನ್ನು ಕಂಡದ್ದೇ ನನಗೆ ಧೈರ್ಯ ಮರಳಿತು. ಧೈರ್ಯದ ಜೊತೆ ನಾಲಿಗೆಯೂ!

"ಭಾನು, ಹೇಳು ಅವರಿಗೆ. ನಾನು ಕಣ್ಣಾರೆ ನೋಡ್ದೆ. ಎಂಟಡಿ ಎತ್ತರ! ಉರಿಗಣ್ಣು! ಬಿಸಿಯುಸಿರು ನನ್ನ ಕುತ್ತಿಗೆಗೆ ತಾಗ್ತು!"

ಭಾನು ಅದನ್ನು ಅರ್ಧಕ್ಕಿಳಿಸಿ ಜಪಾನಿಯಲ್ಲಿ ಹೇಳಿದಳು. ಹೋರಿಗುಚಿ ಸಾನ್ "ಹೊಹೊ" ಎಂದು ಭಕ್ತಿಯಿಂದ ಕೇಳಿಸಿಕೊಂಡು, ಹಾಲಿನ ಗಾಡಿಯ ಅಜ್ಜಿಯೊಬ್ಬರು ಸೇತುವೆಯ ಮೇಲಿಂದ ತೆಗೆದ ಫೋಟೋ ಫೋನಿನಲ್ಲಿದೆ, ಇದೇ ಕರಡಿಯೋ ನೋಡಿ ಹೇಳಿ ಎಂದರು.

ನಾನು ಒಂದು ಕಣ್ಣು ಮುಚ್ಚಿಕೊಂಡು ನೋಡಿದೆ. ಅಬ್ಬಾ! ಗುಡ್ಡದಂಥ ಕರಿಯ ಪ್ರಾಣಿ, ನಾಲ್ಕು ಕಾಲಲ್ಲಿ ದಂಡೆ ಹತ್ತುತ್ತಿದೆ! "ಇದೇ, ಇದೇ!" ಎಂದೆ.

ಭಾನು ಫೋನು ಇಸಿದುಕೊಂಡು, ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿದಳು. ಇನ್ನಷ್ಟು ಹಿಗ್ಗಿಸಿದಳು. ಆಮೇಲೆ ಬಹಳ ಮೆಲ್ಲಗೆ ಕೇಳಿದಳು. "ರೀ, ಈ ಕರಡಿ ಕೈಯಲ್ಲಿ ನಮ್ಮನೆ ಚೊಂಬು ಯಾಕಿದೆ?"

ಅವಳು ಹಿಂದಿನ ಸೀಟಿನ ಕಂಬಳಿಯನ್ನು ಎತ್ತಿ ಹೋರಿಗುಚಿ ಸಾನ್‌ಗೆ ತೋರಿಸಿದಳು. ಆತ ಕಂಬಳಿ ನೋಡಿದರು, ಫೋಟೋ ನೋಡಿದರು, ನನ್ನನ್ನು ನೋಡಿದರು. ನಾನು ಕಾರಿನಿಂದ ಇಳಿದು, ಬರಿಗಾಲಲ್ಲೇ ನಿಂತು, ಸೊಂಟ ಎಷ್ಟು ಬಗ್ಗುತ್ತದೋ ಅಷ್ಟೂ ಬಗ್ಗಿ "ಸುಮಿಮಾಸೆನ್", ಕ್ಷಮಿಸಿ, ಎಂದೆ. ಷಟರು ಎತ್ತಿ ಇಣುಕಿದ ಪ್ರತಿಯೊಬ್ಬರಿಗೂ ಒಂದೊಂದು ಸುಮಿಮಾಸೆನ್. ಈ ತಿಂಗಳು ಹೊಳೆಯ ತುಂಬ ಸಾಲ್ಮನ್ ಮೀನುಗಳು ಮೇಲಕ್ಕೆ ಈಜುತ್ತವೆ, ನಿಮ್ಮ ಕಾಲಿಗೆ ಬಡಿದದ್ದು ಅದೇ ಇರಬೇಕು ಎಂದು ಹೋರಿಗುಚಿ ಸಾನ್ ವಿನಯದಿಂದ ತಿಳಿಸಿದರು. ಆ ಮೀನು ಹಿಡಿಯಲು ಕರಡಿಗಳು ಹಾಗೆಯೇ ನೀರಲ್ಲಿ ಬಗ್ಗಿ ನಿಲ್ಲುತ್ತವಂತೆ.

ಅಷ್ಟರಲ್ಲಿ ಬೇಟೆಗಾರರ ಜೀಪು ಹಿಂತಿರುಗಿತು. ಒಬ್ಬರು ಬಂದೂಕಿನಿಂದ ಗುಂಡುಗಳನ್ನು ತೆಗೆದು ಡಬ್ಬಿಗೆ ಹಾಕತೊಡಗಿದರು. ದಪ್ಪ ಗುಂಡುಗಳು. ಜೀಪು ಇನ್ನು ಸ್ವಲ್ಪ ಮುಂಚೆ ಹೊರಟಿದ್ದರೆ ಅವು ಎಲ್ಲಿರುತ್ತಿದ್ದವು ಎಂಬುದು ಆಗ ನನ್ನ ತಲೆಗೆ ಹೊಳೆಯಿತು. ನಿಜವಾದ ಭಯ ಎಂದರೆ ಏನೆಂದು ಆವತ್ತೇ ಗೊತ್ತಾದದ್ದು. ಕಿರುಚುವುದಕ್ಕೂ ಬಾಯಿ ಬರಲಿಲ್ಲ. ಅಷ್ಟು ಹೊತ್ತು ನಗುತ್ತಿದ್ದ ಭಾನುವೂ ಆ ಡಬ್ಬಿಯನ್ನೇ ನೋಡುತ್ತಾ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

ಕಾರಿನ ಹತ್ತಿರ ಬಂದ ಮೇಲೆ ಕೇಳಿದಳು. "ಹಾಗಾದ್ರೆ ಘರ್ಜನೆ?"

"ನಂದೇ" ಎಂದೆ. ಕೀಲಿಯನ್ನು ಅವಳ ಕೈಗಿಟ್ಟೆ. "ಸೋತೆ ಕಣೇ. ನೀನೂ ಕೃಪಾನೂ ಹೋಗ್ಬನ್ನಿ. ನಾನು ಗಿಡಕ್ಕೆ ನೀರು ಹಾಕ್ತೀನಿ."

ಭಾನು ಡ್ರೈವರ್ ಸೀಟಿನಲ್ಲಿ ಕೂತು, ಕನ್ನಡಿ ಸರಿಮಾಡಿಕೊಂಡು, ಬೆಲ್ಟ್ ಹಾಕಿಕೊಂಡಳು.

"ಕೃಪಾ ಬೇಡ ರೀ, ನೀವೇ ಬರ್ಬೇಕು" ಎಂದಳು. "ನನಗೇನು ಭಯ ಇಲ್ಲ ಅಂದ್ಕೊಂಡ್ರಾ? ಬೇಕಾದಷ್ಟಿದೆ. ಆದ್ರೆ ಇಬ್ಬರ ಪಾಲಿಂದೂ ನೀವೊಬ್ರೇ ಹೆದರಿ ಮುಗಿಸ್ಬಿಡ್ತೀರಲ್ಲ, ನನಗೇನೂ ಉಳಿಯೋದೇ ಇಲ್ಲ. ನಿಮ್ಮನ್ನ ಬಿಟ್ಟು ಹೋದ್ರೆ ಆಫ್ರಿಕಾ ಪೂರ್ತಿ ನಾನೇ ಹೆದರ್ಬೇಕಾಗತ್ತೆ!"