ತರಂಗಕ್ಕೆ ಅರವತ್ತು ಇಂಚು ಅಂತರ

“ಇವತ್ತಿನಿಂದ ಈ ಪೀಡೆ ನನ್ನ ಕಿವಿ ಮುಟ್ಟೋ ಹಾಗಿಲ್ಲ! ಮುಟ್ಟಿದ್ರೆ ನಾನು ಟೈಲರೇ ಅಲ್ಲ!”

ಸೋಮವಾರ ಬೆಳಿಗ್ಗೆ ಟೈಲರ್ ಹೀಗೆ ಗುಡುಗಿದಾಗ ಅವನ ಹೆಂಡತಿ ಅಂಗಿಯೊಂದಕ್ಕೆ ಗುಂಡಿ ಹೊಲಿಯುತ್ತ ಕುಳಿತಿದ್ದಳು. ಪೀಡೆ ಎಂದರೆ ತಾನೇ ಇರಬೇಕೆಂದು ಜಗಳಕ್ಕೆ ತಯಾರಾಗಿ ಸೂಜಿ ಕೆಳಗಿಟ್ಟಳು. ನೋಡಿದರೆ ಗಂಡನ ಬೆರಳು ಮೇಜಿನ ಮೇಲಿದ್ದ ಮೊಬೈಲಿನತ್ತ ಚಾಚಿತ್ತು. ಸಮಾಧಾನವಾಗಿ ಮತ್ತೆ ಸೂಜಿ ಎತ್ತಿಕೊಂಡಳು.

ಮೂರು ವಾರದಿಂದ ಟೈಲರನ ಬಲಗಿವಿಯ ಹಿಂದೆ ಒಂದು ನೋವು ಮನೆ ಮಾಡಿಕೊಂಡಿತ್ತು. ಅಂಗಡಿ ಬಾಗಿಲು ತೆಗೆದ ಒಂದು ಗಂಟೆಗೆಲ್ಲ ಚುಚ್ಚಲು ಶುರು. ಫೋನ್ ಹಿಡಿದರೆ ಇನ್ನೂ ಜೋರು. ಸಂಜೆಗೆ ತಲೆಯೇ ಸಿಡಿಯುವಷ್ಟು! ಹೀಗಿರುವಾಗ ಪತ್ರಿಕೆಯಲ್ಲಿ ಒಂದು ಲೇಖನ ಬಂತು: ‘ಮೊಬೈಲ್ ಮಿದುಳಿಗೆ ಮಾರಕವೇ?’ ಗೋಡೆಗೆ ಅಂಟಿಸಲೆಂದು ಅದನ್ನು ಕತ್ತರಿಸಿದ. ಇಪ್ಪತ್ತೈದು ವರ್ಷ ಬಟ್ಟೆ ಕತ್ತರಿಸಿದ ಕೈ, ಅಂಚಿನಲ್ಲಿ ಹೆಚ್ಚಾದದ್ದನ್ನು ಉಳಿಸಿ ಅಭ್ಯಾಸವಿಲ್ಲ. ಕೊನೆಯ ಪ್ರಶ್ನೆಚಿಹ್ನೆ ಕತ್ತರಿಗೆ ಆಹುತಿಯಾಯಿತು. ಗೋಡೆಯ ಮೇಲೆ ಉಳಿದದ್ದು ‘ಮೊಬೈಲ್ ಮಿದುಳಿಗೆ ಮಾರಕವೇ’. ಮಾರಕವೇ! ಮಾರಕವೇ ಸರಿ! ಇನ್ನು ಒಳಗಿನ ಲೇಖನ ಓದುವ ತಾಪತ್ರಯ ಯಾಕೆ?

ಹೆಂಡತಿಯ ಕಾಟಕ್ಕೆ ಡಾಕ್ಟರ ಬಳಿಗೂ ಹೋಗಿಬಂದ. ಟೇಪು, ಪೆನ್ಸಿಲ್, ಸೀಮೆಸುಣ್ಣ, ಫೋನ್ ಎಲ್ಲವನ್ನೂ ಅಂಗಡಿಯ ಮೇಜಿನ ಮೇಲೆ ಬಿಟ್ಟು, ಇಸ್ತ್ರಿ ಅಂಗಿ ತೊಟ್ಟು, ಮರ್ಯಾದಸ್ಥನಂತೆ ಹೋದ.

“ಎಷ್ಟೋ ವರ್ಷದಿಂದ ಪರೀಕ್ಷೆ ಮಾಡ್ತಾನೇ ಇದ್ದಾರೆ. ಫೋನಲ್ಲಿ ಮಾತಾಡಿದ್ರೆ ಮಿದುಳಿಗೆ ಕೇಡು ಅಂತ ಇನ್ನೂ ಗಟ್ಟಿಯಾಗಿ ಸಾಬೀತಾಗಿಲ್ಲ,” ಎಂದರು ಡಾಕ್ಟರು. “ಈಗ ನೋವಿದೆಯಾ?”

“ಇಲ್ಲ! ಫೋನ್ ಅಂಗಡೀಲಿದೆಯಲ್ಲ, ಅದಕ್ಕೇ ಇಲ್ಲ! ಈಗ ಸಾಬೀತಾಯ್ತಲ್ಲ ಡಾಕ್ಟ್ರೇ!”

ಡಾಕ್ಟರು ತಲೆ ಹಿಡಿದುಕೊಂಡರು. ಪಾಪ, ಇವರೂ ಫೋನಲ್ಲಿ ಬಹಳ ಮಾತಾಡುತ್ತಾರೆಂದು ಟೈಲರ್ ಮರುಗಿದ.

ಹೆಂಡತಿ ಮಾತ್ರ ಸುಮ್ಮನಾಗಲಿಲ್ಲ. “ಭಾನುವಾರ ಇಡೀ ದಿನ ಮನೇಲಿ ಫೋನ್ ಹಿಡ್ಕೊಂಡೇ ಬಿದ್ದಿರ್ತೀರಲ್ರೀ, ಅವತ್ಯಾಕೆ ನೋಯಲ್ಲ?”

“ಭಾನುವಾರ ತರಂಗಕ್ಕೂ ರಜಾ ಕಣೇ! ನಿನಗಿದೆಲ್ಲ ಅರ್ಥ ಆಗಲ್ಲ. ತರಂಗಕ್ಕೆ ಒಂದೇ ಮದ್ದು, ಅಂತರ!”

ಎಷ್ಟು ಅಂತರ? ಲೇಖನ ಓದಿದ್ದರೆ ತಿಳಿಯುತ್ತಿತ್ತೇನೋ. ಟೈಲರ್ ಟೇಪು ಬಿಚ್ಚಿದ. ಅದು ಅರವತ್ತು ಇಂಚಿಗೆ ಮುಗಿಯಿತು. ಸರಿ, ಅರವತ್ತೇ! ಹೊಲಿಗೆ ಯಂತ್ರದಿಂದ ಅಷ್ಟು ದೂರಕ್ಕೆ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದ. ಗೆರೆಯಾಚೆ ಕೋಟು ತೊಟ್ಟು ನಿಂತಿದ್ದ ಬೊಂಬೆಯ ಎದೆಜೇಬಿಗೆ ಫೋನನ್ನು ಗಡೀಪಾರು ಮಾಡಿದ. ಅದು ಮಾತಾಡುವಾಗ ಗೆರೆ ದಾಟುವುದಿಲ್ಲವೆಂದು ಆಣೆಯನ್ನೂ ಹಾಕಿಕೊಂಡ.

“ಬೊಂಬೆಗೇನೂ ಆಗಲ್ವಾ?” ಎಂದಳು ಹೆಂಡತಿ.

“ಅದಕ್ಕೆ ಮಿದುಳೇ ಇಲ್ಲ, ಏನಾಗುತ್ತೆ?”

“ಹಾಗಾದ್ರೆ ನೀವ್ಯಾಕ್ರೀ ಹೆದರ್ತೀರಿ?”

ಟೈಲರ್ ಇದನ್ನು ಕೇಳಿಸಿಕೊಳ್ಳಲಿಲ್ಲ. ಅವನಿಗಾಗಲೇ ಬೇರೆ ಚಿಂತೆ ಹತ್ತಿತ್ತು. ಕರೆ ಬಂದರೆ ಎತ್ತುವುದು ಹೇಗೆ? ಮರದ ಸ್ಕೇಲಿನಿಂದ ದೂರನಿಂತು ಒತ್ತಿ ನೋಡಿದ. ಪರದೆ ಮರದ ಮಾತು ಕೇಳಲಿಲ್ಲ. ಕೊನೆಗೆ ಮೊಬೈಲ್ ರಿಪೇರಿಯವನ ಹತ್ತಿರ ಹೋಗಿ, ಯಾರೇ ಕರೆದರೂ ಫೋನ್ ತಾನಾಗಿ ಎತ್ತಿಕೊಂಡು ಸ್ಪೀಕರಿನಲ್ಲಿ ಮಾತಾಡುವ ಹಾಗೆ ಮಾಡಿಸಿಕೊಂಡು ಬಂದ. ಎತ್ತುವ ಕಷ್ಟ ತಪ್ಪಿತು. ನಿಲ್ಲಿಸುವುದು ಹೇಗೆಂದು ಇಬ್ಬರಿಗೂ ಹೊಳೆದಿರಲಿಲ್ಲ!

ಬುಧವಾರವಾದರೂ ನೋವು ಕದಲಲಿಲ್ಲ. ಟೈಲರೂ ಕದಲಲಿಲ್ಲ. “ಹಳೇ ತರಂಗ ಒಳಗೆ ಉಳ್ಕೊಂಡಿರುತ್ತೆ, ನಿಧಾನಕ್ಕೆ ಹೋಗುತ್ತೆ,” ಎಂದು ಹಲ್ಲು ಕಚ್ಚಿಕೊಂಡು ಹೊಲಿದ.

ಗುರುವಾರ ಬ್ಯಾಂಡ್ ಮಾಸ್ಟರ್ ಬಂದರು. ಬಂದದ್ದು ಸುಮ್ಮನೆ ಅಲ್ಲ, ವಾದ್ಯದವರೆಲ್ಲರಿಗೂ ಸೇರಿ ಇಪ್ಪತ್ತೆರಡು ಕೆಂಪು ಕೋಟು ಹೊಲಿಸಲು! ಎದುರುಗಡೆ ಸಿದ್ಧ ಉಡುಪಿನ ದೊಡ್ಡ ಅಂಗಡಿ ತೆರೆದ ಮೇಲೆ ಟೈಲರನ ಯಂತ್ರ ಅರ್ಧ ದಿನ ಸುಮ್ಮನೆ ಕೂರುತ್ತಿತ್ತು. ಈ ಕೋಟುಗಳು ಕೈತಪ್ಪಿದರೆ ಪೂರ್ತಿ ದಿನ ಕೂರುವುದು ಖಂಡಿತ. ಅದನ್ನು ನೆನೆದರೆ ಅವನಿಗೆ ನಿಜಕ್ಕೂ ಭಯವಾಗುತ್ತಿತ್ತು.

ಇಲ್ಲೊಂದು ಗುಟ್ಟು ಹೇಳಬೇಕು. ಟೈಲರನ ಅಳತೆ ಪುಸ್ತಕದಲ್ಲಿ ಗಿರಾಕಿಗಳ ಹೆಸರೇ ಇರಲಿಲ್ಲ. ಒಂದೇ ಹೆಸರಿನವರು ಹತ್ತಾರು ಮಂದಿ ಬಂದು ಗಲಿಬಿಲಿಯಾಗುತ್ತಿದ್ದರಿಂದ ಮೈಕಟ್ಟು ನೋಡಿ ಅಡ್ಡಹೆಸರು ಬರೆದುಕೊಳ್ಳುತ್ತಿದ್ದ. ಉದ್ದ ತೋಳು, ಇಳಿಭುಜ, ಕೊಕ್ಕರೆ ಕಾಲು. ಗಂಡಹೆಂಡಿರ ನಡುವೆ ಇದೇ ಭಾಷೆ. ಬ್ಯಾಂಡ್ ಮಾಸ್ಟರ ಹೆಸರು ನಗಾರಿ.

ಟೇಪು ಮಾಸ್ಟರ ಸೊಂಟ ಸುತ್ತಿತ್ತು. ಅವರು ಉಸಿರೆಳೆದು ಹೊಟ್ಟೆಯನ್ನು ಒಳಗೆ ಬಂಧಿಸಿದ್ದರು. “ನಲವತ್ತು ಬರ್ಕೊಳ್ಳಿ,” ಎಂದರು ಕಷ್ಟಪಟ್ಟು. ಅಷ್ಟರಲ್ಲಿ ಬೊಂಬೆಯ ಜೇಬು ಒಮ್ಮೆ ಗುಣುಗುಟ್ಟಿ ತಾನಾಗಿ ಬಾಯಿ ತೆರೆಯಿತು.

“ರೀ! ನಗಾರಿ ಬಂತೇನ್ರೀ?”

ಹೆಂಡತಿ! ಮನೆಯಿಂದ!

“ಯಾವ ನಗಾರಿ?” ಎಂದರು ಮಾಸ್ಟರ್. ವಾದ್ಯದ ಮಾತು ಬಂದರೆ ಅವರ ಕಿವಿ ನೆಟ್ಟಗಾಗುತ್ತಿತ್ತು.

“ಅದು... ಒಬ್ರದು ನಗಾರಿ ಇದೆ ಮಾಸ್ಟ್ರೇ! ಅದಕ್ಕೊಂದು ಗವುಸು ಹೊಲೀಬೇಕಿತ್ತು!”

“ಹೋದ ಸಲ ಉಸಿರು ಬಿಟ್ಟ ಕೂಡ್ಲೇ ಎರಡು ಗುಂಡಿ ಹಾರಿ ಕೊಳಲಿನವರ ಹಣೆಗೆ ಬಡೀತಂತಲ್ಲ, ಈ ಸಲ ಹೊಟ್ಟೆ ಹತ್ರ ದಪ್ಪ ದಾರ ಹಾಕ್ಲಾ?”

“ಗವುಸಿಗೆ ಗುಂಡೀನಾ?” ಮಾಸ್ಟರ ಹುಬ್ಬು ಗಂಟಾಯಿತು.

ಒಂದು ನೆಗೆತ ನೆಗೆದರೆ ಫೋನು ಸಿಗುತ್ತಿತ್ತು. ಟೈಲರ್ ಕಾಲೆತ್ತಿದ. ಕಾಲಡಿಯಲ್ಲಿ ಗೆರೆ! ಒಂದು ಕಡೆ ಆಣೆ, ಇನ್ನೊಂದು ಕಡೆ ಇಪ್ಪತ್ತೆರಡು ಕೋಟು! ಒಂದು ಕೈಯಲ್ಲಿ ಟೇಪು ಹಿಡಿದು, ಒಂಟಿಕಾಲಲ್ಲಿ ನಿಂತೇ ಸ್ಕೇಲು ಕಿತ್ತುಕೊಂಡು ಫೋನಿಗೆ ತಿವಿದ. ತುದಿ ಹೋಗಿ ಫೋನಿನ ಬದಿಯ ಸದ್ದಿನ ಗುಂಡಿಗೆ ತಗುಲಿ, ಹೆಂಡತಿಯ ದನಿ ಎರಡು ಪಟ್ಟಾಯಿತು.

“ನಲವತ್ತು ಬರ್ಕೊಳ್ಳಿ ಅಂತ ಉಸಿರು ಬಿಗಿ ಹಿಡೀತಾರೆ, ನಂಬಬೇಡಿ! ಅದೇನು ಸೊಂಟಾನಾ, ಬ್ಯಾಂಡಿನ ಜೊತೆ ಬರೋ ಇನ್ನೊಂದು ವಾದ್ಯಾನಾ?”

ಮಾಸ್ಟರ್ ಉಸಿರು ಬಿಟ್ಟರು. ಟೇಪು ಸರ್ರನೆ ಜಾರಿ ನಲವತ್ತೇಳಕ್ಕೆ ನಿಂತಿತು.

“ಬಿಚ್ಚಿ ನಿಮ್ಮ ಟೇಪು,” ಎಂದರು ತಣ್ಣಗೆ. “ಇಪ್ಪತ್ತೆರಡೂ ಕೋಟು ಎದುರು ಅಂಗಡೀಲೇ ತಗೋತೀನಿ.”

ಟೈಲರಿಗೆ ಅಳುವೇ ಬಂದುಬಿಟ್ಟಿತು. “ತಪ್ಪು ನನ್ನದಲ್ಲ ಮಾಸ್ಟ್ರೇ, ಈ ತರಂಗದ್ದು! ಇಲ್ನೋಡಿ, ಇಲ್ಲೇ, ಕಿವಿ ಹಿಂದೆ ಮಿದುಳು ಬೇಯ್ತಾ ಇದೆ! ಅದಕ್ಕೇ ಫೋನನ್ನ ಅಷ್ಟು ದೂರ ಇಟ್ಟಿದ್ದು!”

ಮಾಸ್ಟರ್ ಹೊರಟವರು ನಿಂತರು. ಹತ್ತಿರ ಬಂದು ಬಗ್ಗಿ ಕಿವಿಯ ಹಿಂದೆ ಇಣುಕಿದರು. ಎರಡು ಬೆರಳು ಹಾಕಿ, ಕನ್ನಡಕದ ಕಡ್ಡಿಯಡಿ ಸಿಕ್ಕಿಕೊಂಡಿದ್ದ ಏನನ್ನೋ ಜಗ್ಗಿ ಎಳೆದರು. ಹೆಬ್ಬೆರಳು ಗಾತ್ರದ, ಆರು ಮೂಲೆಯ ಕೆಂಪು ಪೆನ್ಸಿಲ್! ಅದರ ಒಂದು ಮೂಲೆ ಚರ್ಮದಲ್ಲಿ ಚೆನ್ನಾಗಿ ಅಚ್ಚೊತ್ತಿತ್ತು.

“ಟೈಲರ್ರೇ, ಇದರಲ್ಲಿ ಎಷ್ಟು ತರಂಗ ಬರುತ್ತೆ?”

ಟೈಲರ್ ಕಿವಿಯ ಹಿಂದೆ ಸವರಿಕೊಂಡ. ಆಹಾ! ಮೂರು ವಾರದಲ್ಲಿ ಅಂಥ ಸುಖ ಕಂಡಿರಲಿಲ್ಲ.

“ಏನದು, ಏನದು?” ಎಂದಿತು ಬೊಂಬೆ.

“ಪೆನ್ಸಿಲ್ ಅಮ್ಮಾ. ಕಿವಿ ಹಿಂದೆ ಇತ್ತು.”

“ಅಯ್ಯೋ, ದಪ್ಪ ಪೆನ್ಸಿಲ್ಲಾ? ಸಣ್ಣದೆಲ್ಲ ಕಳೀತಿದ್ರು ಅಂತ ಮೂರು ವಾರದ ಹಿಂದೆ ನಾನೇ ತಂದ್ಕೊಟ್ಟಿದ್ದು! ಅಂದಹಾಗೆ, ತಾವು ಯಾರು?”

“ನಗಾರಿ!”

“ಅಯ್ಯಯ್ಯೋ!” ಎಂದಿತು ಫೋನು. ಮಾಸ್ಟರ್ ತಡೆಯಲಾರದೆ ನಕ್ಕರು. ಹೊಟ್ಟೆ ಕುಲುಕಿ, ಇನ್ನೂ ಸೊಂಟಕ್ಕೆ ಸಿಕ್ಕಿಕೊಂಡಿದ್ದ ಟೇಪು ಕಳಚಿ ನೆಲಕ್ಕೆ ಬಿತ್ತು. ಕಣ್ಣೊರೆಸಿಕೊಂಡು, “ಬರ್ಕೊಳ್ಳಿ, ನಲವತ್ತೇಳೇ ಬರ್ಕೊಳ್ಳಿ. ದಪ್ಪ ದಾರಾನೇ ಹಾಕಿ. ಕೊಳಲಿನವರ ಹಣೆ ಇನ್ನೂ ಊದ್ಕೊಂಡಿದೆ,” ಎಂದರು.

ಟೈಲರ್ ತಲೆ ತಗ್ಗಿಸಿ ಅದೇ ಪೆನ್ಸಿಲ್ ಈಸಿಕೊಂಡು, ಗೋಡೆಯ ಮೇಲಿನ ‘ಮಾರಕವೇ’ಗೆ ದೊಡ್ಡದೊಂದು ಪ್ರಶ್ನೆಚಿಹ್ನೆ ಹಾಕಿದ. ತಿರುಗುವಷ್ಟರಲ್ಲಿ ಮಾಸ್ಟರ್ ನೆಲದ ಟೇಪನ್ನು ಎತ್ತಿ ಅವನ ತಲೆಗೆ ಸುತ್ತಿದ್ದರು.

“ನಿಮ್ಮದೂ ಪುಸ್ತಕದಲ್ಲಿ ಇರ್ಲಿ. ಸುತ್ತಳತೆ ಇಪ್ಪತ್ತೆರಡು. ಒಳಗೆ ಎಷ್ಟಿದೆ ಅಂತ ಬರೀಲಿ?”

ಬೊಂಬೆ ಜೇಬಿನಿಂದ ಉತ್ತರ ಕೊಟ್ಟಿತು. “ಸೋಮವಾರವೇ ಹೇಳಿದ್ದೆ ಮಾಸ್ಟ್ರೇ, ಮೊಬೈಲಿಂದ ಅವರಿಗೇನೂ ಅಪಾಯ ಇಲ್ಲ ಅಂತ!”